ತಿಂಗಳಿಗೆ ಹತ್ತು ಸೆಂಟ್: ಸ್ಪ್ಲಿಟ್ ಷೇರು ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ಕೆನಡಾದಲ್ಲಿ ದುಡಿದು ನಿವೃತ್ತಿಯ ಹೊಸ್ತಿಲಿಗೆ ಬಂದವರ ಕಣ್ಣಿಗೆ, ಟೊರೊಂಟೊ ಷೇರುಪೇಟೆಯಲ್ಲಿ ವರ್ಷಕ್ಕೆ ಶೇ 16ರಷ್ಟು ಆದಾಯ ತೋರಿಸುವ ಕೆಲವು ಷೇರುಗಳು ಬಿದ್ದೇ ಬೀಳುತ್ತವೆ. ಅವುಗಳಲ್ಲಿ ಹೆಚ್ಚಿನವು ಸ್ಪ್ಲಿಟ್ ಷೇರು ನಿಧಿಗಳ ‘ಕ್ಲಾಸ್ ಎ’ ಷೇರುಗಳು. ಪಿಂಚಣಿಯಂತೆ ತಿಂಗಳು ತಿಂಗಳೂ ಹಣ ಬರುತ್ತದೆಂಬ ಕಾರಣಕ್ಕೆ ಇವುಗಳನ್ನು ಕೊಳ್ಳುವ ಮೊದಲು, ಕಾಗದ ಪೆನ್ನು ಹಿಡಿದು ಅರ್ಧ ಗಂಟೆ ಕೂರಬೇಕು.

ಮೊದಲು ನಿಧಿಯ ರಚನೆಯನ್ನು ಅರ್ಥ ಮಾಡಿಕೊಳ್ಳಿ. ಇಂಥ ನಿಧಿಯು ಬ್ಯಾಂಕು, ವಿಮೆ, ದೂರಸಂಪರ್ಕದಂಥ ಲಾಭಾಂಶ ಕೊಡುವ ಕಂಪನಿಗಳ ಷೇರುಗಳನ್ನು ಕೊಂಡು, ಆ ಒಂದೇ ಗಂಟನ್ನು ಎರಡು ಬಗೆಯ ಷೇರುಗಳಾಗಿ ಸೀಳುತ್ತದೆ. 2004ರಲ್ಲಿ ಆರಂಭವಾದ ‘ಡಿವಿಡೆಂಡ್ 15 ಸ್ಪ್ಲಿಟ್ ಕಾರ್ಪ್’ ಇದಕ್ಕೊಂದು ಮಾದರಿ: ಎರಡೂ ಬಗೆಯ ಒಂದೊಂದು ಷೇರು ಸೇರಿದ 25 ಡಾಲರಿನ ಒಂದು ಯೂನಿಟ್‌ನಲ್ಲಿ 10 ಡಾಲರ್ ಆದ್ಯತಾ ಷೇರಿನದು, 15 ಡಾಲರ್ ಕ್ಲಾಸ್ ಎ ಷೇರಿನದು. ಆದ್ಯತಾ ಷೇರಿನವರಿಗೆ ನಿಗದಿತ ಲಾಭಾಂಶವೂ ಅವಧಿಯ ಕೊನೆಗೆ 10 ಡಾಲರೂ ಮೊದಲು ಸಲ್ಲಬೇಕು. ಉಳಿದದ್ದೆಲ್ಲ, ಲಾಭವಾದರೂ ನಷ್ಟವಾದರೂ, ಕ್ಲಾಸ್ ಎ ಪಾಲಿಗೆ. ಸಾಲ ಮಾಡಿ ಷೇರು ಕೊಂಡವನ ಸ್ಥಿತಿಯೇ ಕ್ಲಾಸ್ ಎ ಷೇರುದಾರನದು. ಗಂಟಿನ ಮೌಲ್ಯ 25ರಿಂದ 20ಕ್ಕೆ, ಅಂದರೆ ಶೇ 20ರಷ್ಟು ಇಳಿದರೆ, ಕ್ಲಾಸ್ ಎ ಪಾಲು 15ರಿಂದ 10ಕ್ಕೆ, ಅಂದರೆ ಮೂರರಲ್ಲೊಂದು ಭಾಗ ಕರಗುತ್ತದೆ.

ಎರಡನೆಯದಾಗಿ, ಯೂನಿಟ್ಟಿನ ನಿವ್ವಳ ಆಸ್ತಿ ಮೌಲ್ಯವನ್ನು, ಅಂದರೆ ಒಂದು ಯೂನಿಟ್ಟಿನ ಹಿಂದೆ ಗಂಟಿನಲ್ಲಿ ನಿಜವಾಗಿ ಇರುವ ಆಸ್ತಿಯ ಬೆಲೆಯನ್ನು, ನಿಧಿಯ ಜಾಲತಾಣದಲ್ಲಿ ನೋಡಿ ಬರೆದುಕೊಳ್ಳಿ. ನನ್ನ ಮಟ್ಟಿಗೆ, ಶೇಕಡಾವಾರು ಆದಾಯಕ್ಕಿಂತ ನೂರು ಪಾಲು ಮುಖ್ಯವಾದ ಸಂಖ್ಯೆ ಇದು. ಇಂಥ ಅನೇಕ ನಿಧಿಗಳಲ್ಲಿ ಒಂದು ನಿಯಮವಿದೆ: ಹಣ ಹಂಚಿದ ಮೇಲೆ ಯೂನಿಟ್ಟಿನ ಮೌಲ್ಯ 15 ಡಾಲರಿಗಿಂತ ಕೆಳಗಿಳಿಯುವಂತಿದ್ದರೆ ಕ್ಲಾಸ್ ಎ ಷೇರಿಗೆ ಆ ತಿಂಗಳು ಏನೂ ಸಿಗುವುದಿಲ್ಲ. 2008–09ರ ಕುಸಿತದಲ್ಲೂ 2020ರ ಕೋವಿಡ್ ಕುಸಿತದಲ್ಲೂ ಹಲವು ನಿಧಿಗಳಲ್ಲಿ ಹಂಚಿಕೆ ನಿಂತಿತ್ತು.

ಒಂದು ಉದಾಹರಣೆಯನ್ನು ಕೊನೆಯವರೆಗೂ ಲೆಕ್ಕ ಹಾಕೋಣ. ಯೂನಿಟ್ಟಿನ ಮೌಲ್ಯ 16 ಡಾಲರ್ ಇದೆ ಎಂದುಕೊಳ್ಳಿ; ಆದ್ಯತಾ ಷೇರಿನ 10 ಕಳೆದರೆ ಕ್ಲಾಸ್ ಎ ಷೇರಿನ ಹಿಂದೆ ಇರುವುದು 6 ಡಾಲರ್ ಮಾತ್ರ. ಆದರೆ ತಿಂಗಳಿಗೆ ಹತ್ತು ಸೆಂಟಿನ ಆಸೆಗೆ ಪೇಟೆಯಲ್ಲಿ ಅದು 7.50ಕ್ಕೆ ಮಾರಾಟವಾಗುತ್ತಿದೆ. ಸಾವಿರ ಷೇರು ಕೊಂಡವರು 7,500 ಡಾಲರ್ ಕೊಟ್ಟು ತಿಂಗಳಿಗೆ 100 ಡಾಲರ್ ಪಡೆಯುತ್ತಾರೆ. ಆ ಶೇ 16 ಹುಟ್ಟುವುದು ಹೀಗೆ. ನಿಧಿಯ ಕಡೆಯಿಂದ ನೋಡಿದರೆ, ವರ್ಷಕ್ಕೆ ಕ್ಲಾಸ್ ಎ ಷೇರಿಗೆ 1.20, ಆದ್ಯತಾ ಷೇರಿಗೆ ಶೇ 5.5ರಂತೆ 55 ಸೆಂಟ್, ಒಟ್ಟು 1.75 ಡಾಲರ್ ಹೊರಹೋಗಬೇಕು. ಗಂಟಿನಲ್ಲಿರುವ ಕಂಪನಿಗಳು ಶೇ 4ರಷ್ಟು ಲಾಭಾಂಶ ಕೊಟ್ಟರೂ ಒಳಬರುವುದು 64 ಸೆಂಟ್. ಮಿಕ್ಕ 1.11 ಡಾಲರನ್ನು ಷೇರು ಬೆಲೆಯ ಏರಿಕೆಯಿಂದಲೋ ಆಪ್ಷನ್ ಮಾರಾಟದಿಂದಲೋ (ಗಂಟಿನಲ್ಲಿರುವ ಷೇರನ್ನು ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕನ್ನು ಬೇರೆಯವರಿಗೆ ಮಾರುವುದು) ಹೊಂದಿಸಬೇಕು. ಅದಾಗದಿದ್ದರೆ ಅಸಲನ್ನೇ ಮುರಿಯಬೇಕು. ನಿರ್ವಹಣಾ ಶುಲ್ಕ ಇದರ ಮೇಲೆ ಬೇರೆ. ಪೇಟೆ ಶೇ 7ರಷ್ಟು ಇಳಿದರೆ ಸಾಕು, ಮೌಲ್ಯ 15ಕ್ಕಿಂತ ಕೆಳಗೆ ಬಂದು ಮಾಸಿಕ ನೂರು ಡಾಲರ್ ನಿಲ್ಲುತ್ತದೆ. ಶೇ 15ರಷ್ಟು ಇಳಿದರೆ ಕ್ಲಾಸ್ ಎ ಪಾಲು 3.60, ಪೇಟೆಯ ಹೆಚ್ಚುವರಿ ಬೆಲೆಯೂ ಅಳಿಸಿಹೋದರೆ 7,500 ಡಾಲರ್ 3,600 ಆಗಿರುತ್ತದೆ. ತೋರುವ ಆದಾಯ ಅತಿ ಹೆಚ್ಚಾಗಿದ್ದ ಹೊತ್ತಿನಲ್ಲೇ ಅಪಾಯ ಅತಿ ಹತ್ತಿರವಿತ್ತೆಂಬುದನ್ನು ದಯವಿಟ್ಟು ಗಮನಿಸಿ.

ಮೂರನೆಯ ಹೆಜ್ಜೆ ಆದ್ಯತಾ ಷೇರನ್ನು ಪಕ್ಕದಲ್ಲಿಟ್ಟು ನೋಡುವುದು. ಮೇಲಿನ ಉದಾಹರಣೆಯಲ್ಲಿ ಗಂಟು ಶೇ 37ಕ್ಕಿಂತ ಹೆಚ್ಚು ಕುಸಿದ ಮೇಲಷ್ಟೇ ಅದರ 10 ಡಾಲರಿಗೆ ಧಕ್ಕೆ. ಆದಾಯ ಕಡಿಮೆಯಾದರೂ, ಮನೆಖರ್ಚಿಗೆ ಈ ಹಣವನ್ನೇ ನಂಬಿದವರಿಗೆ ಇದೇ ಹೆಚ್ಚು ಹೊಂದುತ್ತದೆಂಬುದು ನನ್ನ ಖಚಿತ ಅಭಿಪ್ರಾಯ. ಬಾಡಿಗೆ, ಔಷಧಿ, ದಿನಸಿಯ ಖರ್ಚನ್ನು ಕ್ಲಾಸ್ ಎ ಹಂಚಿಕೆಯ ಮೇಲೆ ನಿಲ್ಲಿಸಬಾರದು.

ಕೊನೆಗೆ, ಷೇರನ್ನು ಯಾವ ಖಾತೆಯಲ್ಲಿ ಇಡುತ್ತೀರೆಂದು ಯೋಚಿಸಿ. 71 ವರ್ಷ ತುಂಬುವ ವರ್ಷದ ಕೊನೆಯೊಳಗೆ ಆರ್‌ಆರ್‌ಎಸ್‌ಪಿ ಎಂಬ ನಿವೃತ್ತಿ ಉಳಿತಾಯ ಖಾತೆಯನ್ನು ಆರ್‌ಆರ್‌ಐಎಫ್ ಎಂಬ ನಿವೃತ್ತಿ ಆದಾಯ ಖಾತೆಗೆ ಬದಲಿಸಿಕೊಂಡವರು ಮುಂದಿನ ವರ್ಷದಿಂದ ಕಡ್ಡಾಯವಾಗಿ ಹಣ ತೆಗೆಯಬೇಕು. ಹಂಚಿಕೆ ನಿಂತು ಖಾತೆಯಲ್ಲಿ ನಗದಿಲ್ಲದಿದ್ದರೆ ಕುಸಿದ ಬೆಲೆಗೇ ಷೇರು ಮಾರಬೇಕಾಗಬಹುದು. ಆದ್ದರಿಂದ ಒಂದೆರಡು ವರ್ಷದ ಹಣವನ್ನು ಠೇವಣಿಯಲ್ಲಿ ಪ್ರತ್ಯೇಕವಾಗಿಡಿ. ಬೆಂಗಳೂರಿಗೋ ಮೈಸೂರಿಗೋ ಮರಳಿ ನೆಲೆಸುವ ಯೋಚನೆಯುಳ್ಳವರಿಗೆ ಇನ್ನೊಂದು ಲೆಕ್ಕವಿದೆ: ಕೆನಡಾದ ನಿವಾಸಿಯಲ್ಲವೆಂದಾದ ಮೇಲೆ ಸಾಮಾನ್ಯ ಖಾತೆಯ ಲಾಭಾಂಶದಲ್ಲಿ ಶೇ 25ರಷ್ಟನ್ನು ಮೂಲದಲ್ಲೇ ಕಡಿತ ಮಾಡಲಾಗುತ್ತದೆ. ಹಾಗಾದಾಗ ತಿಂಗಳ ಹತ್ತು ಸೆಂಟ್ ಲಾಭಾಂಶವಾಗಿ ಬಂದರೂ ಕೈಗೆ ದಕ್ಕುವುದು ಏಳೂವರೆ ಸೆಂಟ್.