ಕಣದ ಸುತ್ತ ಎಂಬತ್ತು ದಿನ

ಜೂಲ್ಸ್ ವರ್ನ್ ಬರೆದ ‘ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ’ಯನ್ನು ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ಅನಿಮೇಷನ್ ಚಿತ್ರವಾಗಿಸಬೇಕೆಂದು ಧಾರವಾಡದಲ್ಲಿ ನಾವು ನಾಲ್ವರು ನಿರ್ಧರಿಸಿದಾಗ, ಹಡಗು, ರೈಲು, ಆನೆಗಳನ್ನು ಚಲಿಸುವಂತೆ ಮಾಡುವುದೇ ದೊಡ್ಡ ಕಷ್ಟವಾದೀತೆಂದು ಭಾವಿಸಿದ್ದೆವು. ಅವೆಲ್ಲ ಹೇಗೋ ಆದವು. ನಮ್ಮನ್ನು ನಿಜವಾಗಿ ಕಾಡಿದ್ದು ಕಾದಂಬರಿಯ ಕೊನೆಗೆ ಬರುವ ಒಂದು ಸಣ್ಣ ಲೆಕ್ಕ.

ಕಥೆ ಹಲವರಿಗೆ ಗೊತ್ತಿರುತ್ತದೆ. 1872ರ ಅಕ್ಟೋಬರ್ 2ರ ರಾತ್ರಿ 8 ಗಂಟೆ 45 ನಿಮಿಷಕ್ಕೆ ಫಿಲಿಯಾಸ್ ಫಾಗ್ ಎಂಬ ಮಿತಭಾಷಿ ಲಂಡನ್ನಿನಿಂದ ಹೊರಡುತ್ತಾನೆ. ಡಿಸೆಂಬರ್ 21ರ ರಾತ್ರಿ ಅದೇ ಹೊತ್ತಿಗೆ ತನ್ನ ಕ್ಲಬ್ಬಿಗೆ ಮರಳಬೇಕು, ಇಲ್ಲವಾದರೆ 20 ಸಾವಿರ ಪೌಂಡ್ ಪಣ ಕಳೆದುಕೊಳ್ಳಬೇಕು. ಐದು ನಿಮಿಷ ತಡವಾಗಿ ಲಂಡನ್ ತಲುಪಿದೆನೆಂದು ತಿಳಿದು ಸೋಲೊಪ್ಪಿಕೊಂಡು ಮನೆ ಸೇರುತ್ತಾನೆ. ಆದರೆ ಪೂರ್ವಕ್ಕೆ ಮುಖ ಮಾಡಿ ಭೂಮಿಯನ್ನು ಸುತ್ತಿದ್ದರಿಂದ ಅವನಿಗೆ ಅರಿವಿಲ್ಲದೆಯೇ ಒಂದು ದಿನ ಉಳಿದಿರುತ್ತದೆ. ಅವನು ಸೂರ್ಯನನ್ನು 80 ಸಲ ಕಂಡಿದ್ದಾನೆ, ಲಂಡನ್ನಿನ ಗೆಳೆಯರು ಅಷ್ಟೇ ಅವಧಿಯಲ್ಲಿ 79 ಸಲ ಕಂಡಿದ್ದಾರೆ. ಓದುಗನಿಗೆ ಲೇಖಕ ಇದನ್ನು ಒಂದು ಪುಟದಲ್ಲಿ ವಿವರಿಸಬಲ್ಲ. ಪ್ರತಿ ಡಿಗ್ರಿ ರೇಖಾಂಶಕ್ಕೆ 4 ನಿಮಿಷದಂತೆ 360 ಡಿಗ್ರಿಗೆ 1440 ನಿಮಿಷ, ಅಂದರೆ 24 ತಾಸು. ಪರದೆಯ ಮುಂದೆ ಚಾಪೆಯ ಮೇಲೆ ಕುಳಿತ ನಾಲ್ಕನೆಯ ತರಗತಿಯ ಹುಡುಗಿಗೆ ಇದನ್ನು ಯಾರು ವಿವರಿಸಬೇಕು, ಯಾವಾಗ ವಿವರಿಸಬೇಕು? ಮುಕ್ತಾಯದ ಸಂಭ್ರಮದ ನಡುವೆ ಕಥೆ ನಿಲ್ಲಿಸಿ ಗಣಿತ ಹೇಳಲು ಹೊರಟರೆ ಚಿತ್ರ ಅಲ್ಲಿಯೇ ಸತ್ತಂತೆ.

ಅದಕ್ಕೂ ಮೊದಲು ಆಯ್ಕೆಯ ಬಗ್ಗೆ ಎರಡು ಮಾತು ಹೇಳಬೇಕು. ಲೇಖಕನ ಮರಣದ ನಂತರ 60 ವರ್ಷ ಕಳೆದರೆ ಕೃತಿ ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯದಿಂದ ಮುಕ್ತವಾಗುತ್ತದೆ. ವರ್ನ್ ತೀರಿಕೊಂಡದ್ದು 1905ರಲ್ಲಿ. ಆದರೆ ಮೂಲ ಮುಕ್ತವಾದ ಮಾತ್ರಕ್ಕೆ ಅನುವಾದ ಮುಕ್ತವಾಗುವುದಿಲ್ಲ, ಅದರ ಹಕ್ಕು ಅನುವಾದಕರದು. ಆದ್ದರಿಂದ ಕನ್ನಡದ ಯಾವ ಅನುವಾದವನ್ನೂ ನಾನು ಮುಟ್ಟದೆ, 1873ರ ಇಂಗ್ಲಿಷ್ ಅನುವಾದವನ್ನು ಇಟ್ಟುಕೊಂಡು ಸಂಭಾಷಣೆಯನ್ನು ಹೊಸದಾಗಿಯೇ ಬರೆದೆ. ಇದನ್ನು ಗಮನಿಸದೆ ಕೆಲಸ ಶುರುಮಾಡಿ ಕೊನೆಯಲ್ಲಿ ತೊಂದರೆಗೆ ಸಿಲುಕಿದವರನ್ನು ನಾನು ಬಲ್ಲೆ.

ಕಾದಂಬರಿಯಲ್ಲಿ 37 ಅಧ್ಯಾಯಗಳಿವೆ. ಮನೆಯಲ್ಲಿ ಕೂಡಿಟ್ಟ ಲಗ್ನಪತ್ರಿಕೆಗಳ ಬೆನ್ನಿಗೆ ಒಂದೊಂದು ಅಧ್ಯಾಯದ ಸಾರವನ್ನು ಬರೆದು ಪಡಸಾಲೆಯಲ್ಲಿ ಹರಡಿದೆವು. ನಾನು ಪಾಲಿಸಿದ ನಿಯಮ ಒಂದೇ: ಒಂದು ಪತ್ರಿಕೆಯನ್ನು ಎತ್ತಿ ಪಕ್ಕಕ್ಕಿಟ್ಟಾಗ ಕೊನೆಯ ಪತ್ರಿಕೆ ಅರ್ಥ ಕಳೆದುಕೊಳ್ಳುತ್ತದೆಯೇ ಎಂದು ನೋಡುವುದು. ಜಪಾನಿನ ಸರ್ಕಸ್ ಎಷ್ಟೇ ಚೆಂದವಿದ್ದರೂ ಹೋಯಿತು. ಅಮೆರಿಕದ ರೈಲಿನ ಮೇಲೆ ಮೂಲನಿವಾಸಿಗಳು ದಾಳಿ ಮಾಡುವ ಪ್ರಸಂಗವನ್ನು ತೆಗೆಯಲು ನನಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಆ ಜನರನ್ನು ಕೂಗಾಡುವ ಗುಂಪಾಗಿ ತೋರಿಸುವ ಚಿತ್ರಗಳು ಬೇಕಾದಷ್ಟಾಗಿವೆ. ಹಾಂಕಾಂಗಿನಲ್ಲಿ ಪತ್ತೇದಾರ ಫಿಕ್ಸ್ ಸೇವಕ ಪಾಸ್‌ಪಾರ್ತುವಿಗೆ ಅಫೀಮು ಸೇದಿಸುವ ಅಧ್ಯಾಯವನ್ನು ಮಕ್ಕಳ ಮುಂದೆ ಇಡುವಂತಿರಲಿಲ್ಲ. ಆದರೆ ಆ ಅಧ್ಯಾಯದ ತಿರುಳು ಅಫೀಮಲ್ಲ. ಮರುದಿನ ಬೆಳಿಗ್ಗೆ ಹೊರಡಬೇಕಿದ್ದ ಹಡಗು ಅಂದೇ ಸಂಜೆ ಹೊರಡುತ್ತದೆ ಎಂಬ ಸುದ್ದಿ ಫಾಗ್‌ನಿಗೆ ತಲುಪುವುದಿಲ್ಲ, ಅಷ್ಟೇ. ಸೇವಕನನ್ನು ಒಂದು ಉಗ್ರಾಣದಲ್ಲಿ ಕೂಡಿಹಾಕಿ ಕೆಲಸ ಮುಗಿಸಿದೆವು. ಆ ಹಡಗಿಗೆ ವರ್ನ್ ಇಟ್ಟ ಹೆಸರು ‘ಕರ್ನಾಟಿಕ್’. ನಾವು ಇದನ್ನು ಸೇರಿಸಿದ್ದಲ್ಲ, ಮೂಲದಲ್ಲಿಯೇ ಇದೆ. ಆದರೂ ಪ್ರತಿ ಪ್ರದರ್ಶನದಲ್ಲಿ ಯಾರಾದರೊಬ್ಬರು ಇದು ನಮ್ಮ ಕಿತಾಪತಿ ಎಂದು ನಗುತ್ತಾರೆ.

ಭಾರತದ ಅಧ್ಯಾಯಗಳು ಬೇರೆಯೇ ಬಗೆಯ ತಲೆನೋವು. ಮುಂಬಯಿಯಿಂದ ಕಲಕತ್ತೆಗೆ ಹೋಗುವ ರೈಲುಹಳಿ ನಡುವೆ ಮುಗಿದುಹೋಗುತ್ತದೆ, ಫಾಗ್ 2 ಸಾವಿರ ಪೌಂಡ್ ಕೊಟ್ಟು ಆನೆ ಕೊಳ್ಳುತ್ತಾನೆ. ವಾಸ್ತವದಲ್ಲಿ ಜಬಲ್‌ಪುರದ ಮೂಲಕ ಆ ಮಾರ್ಗ 1870ರಲ್ಲಿಯೇ ಕೂಡಿತ್ತು. ಆನೆ ಬೇಕೆಂದು ಲೇಖಕ ಹಳಿಯನ್ನು ಕಿತ್ತ. ಆನೆಗಾಗಿ ನಾನೂ ಅವನನ್ನು ಕ್ಷಮಿಸಿದೆ. ಕಾಡಿನಲ್ಲಿ ಅವರು ಔದಾ ಎಂಬ ತರುಣ ವಿಧವೆಯನ್ನು ಗಂಡನ ಚಿತೆಯಿಂದ ಪಾರುಮಾಡುತ್ತಾರೆ. 1829ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಸತಿಯನ್ನು ನಿಷೇಧಿಸಿದ್ದರಿಂದ, ಇದು ಬ್ರಿಟಿಷರ ಕೈ ತಲುಪದ ಅರಸರ ಸೀಮೆಯಲ್ಲಿ ನಡೆಯಿತೆಂದು ಕಾದಂಬರಿ ಸಮಜಾಯಿಷಿ ಕೊಡುತ್ತದೆ. ನಮ್ಮಲ್ಲಿ ಇಬ್ಬರು ಔದಾಳ ಪಾತ್ರವನ್ನೇ ಬಿಡೋಣವೆಂದರು. ನಾನೂ ಒಪ್ಪಿ ಅವಳ ಪತ್ರಿಕೆಗಳನ್ನೆಲ್ಲ ಎತ್ತಿಟ್ಟೆ. ಮೂರು ದಿನದ ನಂತರ ಕಥೆಯೇ ಮುಗಿಯದೆ ನಿಂತುಬಿಟ್ಟಿತು. ಏಕೆಂದರೆ ಫಾಗ್ ಮತ್ತು ಔದಾ ಮದುವೆಯಾಗಲು ನಿಶ್ಚಯಿಸಿ, ಮರುದಿನ ಸೋಮವಾರವೆಂದು ತಿಳಿದು, ಸೇವಕನನ್ನು ಪಾದ್ರಿಯ ಬಳಿಗೆ ಓಡಿಸಿದಾಗಲೇ ಮರುದಿನ ಭಾನುವಾರವೆಂಬುದು ಬೆಳಕಿಗೆ ಬರುವುದು. ಅವಳಿಲ್ಲದಿದ್ದರೆ ಉಳಿದ ದಿನ ಪತ್ತೆಯಾಗುವ ದಾರಿಯೇ ಇಲ್ಲ. ಪತ್ರಿಕೆಗಳನ್ನು ಮತ್ತೆ ಹರಡಿದೆವು. ಚಿತೆಯನ್ನು ತೋರಿಸಲಿಲ್ಲ. ದೀಪದ ಬೆಳಕಿನಲ್ಲಿ ಗುಡಿಯ ಗೋಡೆ, ಒಳಗೆ ಕುಳಿತ ಹೆಣ್ಣಿನ ನೆರಳು, ಅಜ್ಜನ ಧ್ವನಿಯಲ್ಲಿ ಮೂರು ಸರಳ ವಾಕ್ಯ: ಹಿಂದೆ ಇಂಥದೊಂದು ಇತ್ತು, ಅದು ತಪ್ಪಾಗಿತ್ತು, ನಿಲ್ಲಿಸಿದರು. ಮಕ್ಕಳು ಪ್ರಶ್ನೆ ಕೇಳುತ್ತಾರೆ, ಕೇಳಲಿ.

ಅಜ್ಜ ಎಲ್ಲಿಂದ ಬಂದನೆಂದರೆ, ಅವನು ಆ ಲೆಕ್ಕದಿಂದಲೇ ಬಂದ.

ಮೊದಲ ಕರಡಿನಲ್ಲಿ ಪಾಸ್‌ಪಾರ್ತು ದಿನಕ್ಕೊಂದರಂತೆ ದಾರಕ್ಕೆ ಗಂಟು ಹಾಕುತ್ತಾನೆ, ಲಂಡನ್ನಿನಲ್ಲಿ ಕ್ಲಬ್ಬಿನ ಆಳು ದಿನಕ್ಕೊಂದು ಕ್ಯಾಲೆಂಡರ್ ಹಾಳೆ ಹರಿಯುತ್ತಾನೆ. ಗಂಟು 80, ಹಾಳೆ 79. ನಮಗೆ ಬಲು ಜಾಣತನವೆನಿಸಿತ್ತು. ಒರಟು ರೇಖಾಚಿತ್ರಗಳನ್ನು ಜೋಡಿಸಿ ಧ್ವನಿ ಕೂಡಿಸಿದ ಅನಿಮ್ಯಾಟಿಕ್ಕನ್ನು ಗದಗ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ತೋರಿಸಿದಾಗ ಒಬ್ಬ ಹುಡುಗ ನೇರವಾಗಿ ಕೇಳಿದ: “ಒಂದ್ ಗಂಟ್ ಹೆಚ್ಚಿಗಿ ಹಾಕ್ಯಾನ, ಮರ್ತಿರಬೇಕು, ಹೌದಿಲ್ರೀ?” ಅವನ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಚಿತ್ರ ವ್ಯತ್ಯಾಸವನ್ನು ತೋರಿಸುತ್ತಿತ್ತು, ಕಾರಣವನ್ನು ತೋರಿಸುತ್ತಿರಲಿಲ್ಲ. ನಂತರ ಲಿಂಬೆಹಣ್ಣು ಮತ್ತು ಚಿಮಣಿ ದೀಪ ಇಟ್ಟು ಪ್ರಯತ್ನಿಸಿದೆವು. ಅದು ವಿಜ್ಞಾನದ ಪಾಠವಾಯಿತು. ಧಾರವಾಡ ಸುಮಾರು 75 ಡಿಗ್ರಿ ಪೂರ್ವದಲ್ಲಿರುವುದರಿಂದ ಲಂಡನ್ನಿಗಿಂತ ಐದು ತಾಸು ಮೊದಲು ನಮಗೆ ನಡುಹಗಲಾಗುತ್ತದೆಂಬುದನ್ನು ಎರಡು ಗಡಿಯಾರ ಇಟ್ಟು ತೋರಿಸಿದೆವು. ಅದೂ ಪಾಠವೇ ಆಯಿತು.

ಪರಿಹಾರ ಸಿಕ್ಕಿದ್ದು ನವಲಗುಂದ ತಾಲ್ಲೂಕಿನ ನಮ್ಮ ಊರಿಗೆ ಹೋದಾಗ. ಈಗ ಅಲ್ಲಿ ಜೋಳದ ರಾಶಿಯನ್ನು ಯಂತ್ರ ಮಾಡುತ್ತದೆ. ನಾನು ಸಣ್ಣವನಿದ್ದಾಗ ಕಣದ ನಡುವೆ ಮೇಟಿ ಎಂಬ ಕಂಬ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ತೆನೆ ತುಳಿಸುತ್ತ ಅದರ ಸುತ್ತ ರಾತ್ರಿಯೆಲ್ಲ ಹಂತಿ ಹೊಡೆಯುತ್ತಿದ್ದರು, ನಿದ್ದೆ ಬರದಿರಲೆಂದು ಹಂತಿಯ ಪದ ಹಾಡುತ್ತಿದ್ದರು. ಹಳೆಯ ಕಣ ಇದ್ದ ಜಾಗದಲ್ಲಿ ನಿಂತಾಗ, ಎತ್ತುಗಳಿಗೆ ಎದುರಾಗಿ ಕಣದ ಅಂಚಿನಲ್ಲಿ ಓಡುತ್ತ ಬೈಸಿಕೊಳ್ಳುತ್ತಿದ್ದುದು ನೆನಪಾಯಿತು. ಅಂಚಿನ ಎತ್ತೇ ಸೂರ್ಯ. ಒಂದೇ ಕಡೆ ಕುಳಿತ ಅಜ್ಜನ ಮುಂದೆ ಅದು ಐದು ಸಲ ಹಾಯುತ್ತದೆ. ಅಷ್ಟೇ ಹೊತ್ತಿನಲ್ಲಿ ಎದುರುಗಡೆಯಿಂದ ನಿಧಾನವಾಗಿ ಒಂದು ಪೂರ್ತಿ ಸುತ್ತು ಹಾಕಿ ಅಜ್ಜನ ಬಳಿಗೆ ಬರುವ ಹುಡುಗಿಗೆ ಅದು ಆರು ಸಲ ಎದುರಾಗುತ್ತದೆ. ಯಾರೂ ಗಂಟು ಮರೆತಿಲ್ಲ, ಯಾರೂ ಸುಳ್ಳು ಹೇಳಿಲ್ಲ. ‘ಭೂಪ್ರದಕ್ಷಿಣೆ’ ಎಂಬ ಮಾತಿನಲ್ಲಿಯೇ ಅಡಗಿದ್ದ ಚಿತ್ರವನ್ನು ಕಾಣಲು ನನಗೆ ಒಂದು ವರ್ಷ ಬೇಕಾಯಿತು. ಸ್ವಲ್ಪ ತಿದ್ದುಪಡಿಯೂ ಬೇಕಾಯಿತು: ಪ್ರದಕ್ಷಿಣೆ ಎಂದರೆ ಬಲಸುತ್ತು, ಅದು ನಮ್ಮ ಚಿತ್ರದಲ್ಲಿ ಎತ್ತಿನದು; ಫಾಗ್ ಹಾಕಿದ್ದು ಅದಕ್ಕೆ ಎದುರಾದ ಎಡಸುತ್ತು.

ಹೀಗೆ ಇಡೀ ಕಥೆ ರಾಶಿ ಕಾಯುವ ರಾತ್ರಿ ಅಜ್ಜ ಮೊಮ್ಮಗಳಿಗೆ ಹೇಳುವ ಕಥೆಯಾಯಿತು. ಅಜ್ಜ ಕಥೆ ಹೇಳುವ ಚೌಕಟ್ಟು ಹಳಸಲು ಎಂಬುದು ನನಗೆ ಗೊತ್ತಿದೆ; ಬೇರೆ ಯಾವ ಚಿತ್ರಕ್ಕೂ ನಾನದನ್ನು ಬಳಸಲಾರೆ. ಇಲ್ಲಿ ಮಾತ್ರ ಕಣ ಬೇಕಿತ್ತು, ಕಣಕ್ಕೆ ಅಜ್ಜ ಬೇಕಿದ್ದ. ಅದರಿಂದ ಭಾಷೆಯ ತೊಡಕೂ ಬಿಡಿಸಿಕೊಂಡಿತು. ಲಂಡನ್ನಿನ ಸಾಹೇಬ ಯಾವ ಕನ್ನಡ ಮಾತಾಡಬೇಕು ಎಂಬ ಪ್ರಶ್ನೆ ಈಗ ಇಲ್ಲ, ಎಲ್ಲವೂ ಅಜ್ಜನ ಬಾಯಲ್ಲಿ ಬರುತ್ತದೆ. ಹುಡುಗಿಗೆ ಪಾಸ್‌ಪಾರ್ತು ಎಂಬ ಹೆಸರು ನಾಲಿಗೆಗೆ ಹೊರಳದೆ “ಪಾಸ್‌ಪೋರ್ಟ್ ಮಾಮಾ” ಎನ್ನುತ್ತಾಳೆ. ಧ್ವನಿ ಕೊಟ್ಟ ಮಗು ತಾನಾಗಿಯೇ ಹಾಗೆಂದದ್ದು, ನಾವು ಹಾಗೆಯೇ ಉಳಿಸಿಕೊಂಡೆವು.

ಚಿತ್ರಣಕ್ಕೆ ನಾವು ತೊಗಲುಗೊಂಬೆಯಾಟದ ದಾರಿ ಹಿಡಿದೆವು. ನೆರಳಿನ ಆಕೃತಿಗಳಿಂದ ಪೂರ್ಣಪ್ರಮಾಣದ ಚಿತ್ರ ಮಾಡಬಹುದೆಂದು ಲೋಟೆ ರೈನಿಗರ್ ಎಂಬ ಜರ್ಮನ್ ಕಲಾವಿದೆ 1926ರಲ್ಲಿಯೇ ತೋರಿಸಿದ್ದರು. ನಮ್ಮ ಗೊಂಬೆಯಾಟದಲ್ಲಿ ನೆರಳಿನ ಜೊತೆಗೆ ಬಣ್ಣವೂ ಇದೆ. ಗಾಜಿನ ಮೇಜಿನ ಕೆಳಗೆ ದೀಪ, ಮೇಲೆ ಕೆಳಮುಖವಾಗಿ ಕ್ಯಾಮೆರಾ, ನಡುವೆ ಬಣ್ಣ ಹಾಕಿದ ಪಾರದರ್ಶಕ ಹಾಳೆಯ ಗೊಂಬೆಗಳು. ಸೆಕೆಂಡಿಗೆ 12 ಚಿತ್ರದಂತೆ 21 ನಿಮಿಷಕ್ಕೆ 15,120 ಚಿತ್ರ. ಗೊಂಬೆ ಅಲುಗದ ಕಡೆ ಒಂದೇ ಚಿತ್ರವನ್ನು ಹಿಡಿದಿಟ್ಟು ಉಳಿತಾಯ ಮಾಡಿದರೂ ವಾರಾಂತ್ಯಗಳ ಹತ್ತು ತಿಂಗಳು ಹೋಯಿತು. ಪಾರದರ್ಶಕ ಹಾಳೆಯ ದೊಡ್ಡ ತೊಂದರೆಯೆಂದರೆ ಕೀಲುಗಳು: ತೋಳು ಭುಜವನ್ನು ಸೇರುವಲ್ಲಿ ಎರಡು ಪದರ ಕೂಡಿ ಕಪ್ಪು ಮಚ್ಚೆ ಬೀಳುತ್ತದೆ, ತೋಳು ಆಡಿದಂತೆ ಮಚ್ಚೆಯ ಆಕಾರವೂ ಬದಲಾಗುತ್ತದೆ. ಒಂದು ತಿಂಗಳು ಹಾಳೆಯನ್ನು ಕೆರೆದು ತೆಳುಮಾಡಲು ನೋಡಿದೆವು. ಕೊನೆಗೆ ತೊಗಲುಗೊಂಬೆಗಳನ್ನು ಹತ್ತಿರದಿಂದ ನೋಡಿದಾಗ, ಅವುಗಳ ಭುಜಕೀರ್ತಿ, ಒಡ್ಯಾಣ, ತೋಳಬಂದಿಗಳೆಲ್ಲ ಕೀಲಿನ ಮೇಲೆಯೇ ಕುಳಿತಿರುವುದು ಕಣ್ಣಿಗೆ ಬಿತ್ತು. ಆ ಕಲಾವಿದರ ಮನಸ್ಸಿನಲ್ಲಿ ಏನಿತ್ತೋ, ನಮಗಂತೂ ದಾರಿ ಸಿಕ್ಕಿತು. ಫಾಗ್‌ನ ಕೋಟಿಗೆ ಭುಜಪಟ್ಟಿ, ತೋಳಿಗೆ ಅಗಲ ಕಫ್, ಆನೆಗೆ ರಂಧ್ರ ಕೊರೆದ ಜೂಲು. ಮಚ್ಚೆಗಳೆಲ್ಲ ವಿನ್ಯಾಸದಲ್ಲಿ ಕರಗಿದವು.

ಪಕ್ಕಮುಖದ ಗೊಂಬೆಗಳಾದ್ದರಿಂದ ತುಟಿ ಆಡಿಸುವ ಗೋಜನ್ನೇ ಬಿಟ್ಟೆವು. ಮಾತಿನ ಒತ್ತು ಬೀಳುವಲ್ಲಿ ತಲೆ ಅಥವಾ ಕೈ ಅಲುಗಿದರೆ ಸಾಕು, ಯಾವ ಮಗುವೂ ಬಾಯಿ ಏಕೆ ಆಡುವುದಿಲ್ಲವೆಂದು ಕೇಳಿಲ್ಲ. ಸಮುದ್ರದ ಸದ್ದು ಮೊರದಲ್ಲಿ ಜೋಳದ ಕಾಳನ್ನು ವಾಲಾಡಿಸಿ ಮಾಡಿದ್ದು. ಉಗಿಬಂಡಿಯ ಸದ್ದನ್ನು ಹುಬ್ಬಳ್ಳಿಯಲ್ಲಿ ಹುಡುಕಿದೆವು. ಜಗತ್ತಿನ ಅತಿ ಉದ್ದದ, 1507 ಮೀಟರಿನ ಪ್ಲಾಟ್‌ಫಾರ್ಮ್ ಅಲ್ಲಿದೆ, ಆದರೆ ಉಗಿ ಬಿಡುವ ಎಂಜಿನ್ ಇಲ್ಲ. ಕುಕ್ಕರ್ ಸೀಟಿ ಮತ್ತು ಉಜ್ಜುಕಾಗದದಿಂದ ಕೆಲಸ ಸಾಗಿಸಿದೆವು.

ಹಣ ಕೊಡಲು ಮುಂದೆ ಬಂದಿದ್ದ ಒಂದು ಸಂಸ್ಥೆ ಎರಡು ಷರತ್ತು ಹಾಕಿತು: ಕೊನೆಯಲ್ಲಿ ಸಮಯಪಾಲನೆಯ ನೀತಿವಾಕ್ಯ ಇರಬೇಕು, ಪೋಸ್ಟರಿನಲ್ಲಿ ಬಲೂನ್ ಇರಬೇಕು. ಕಾದಂಬರಿಯಲ್ಲಿ ಬಲೂನ್ ಪ್ರಯಾಣವೇ ಇಲ್ಲ. ಅಟ್ಲಾಂಟಿಕ್ ದಾಟಲು ಬಲೂನ್ ಆಗುವ ಮಾತಲ್ಲ ಎಂದು ವರ್ನ್ ಸ್ಪಷ್ಟವಾಗಿಯೇ ಬರೆದಿದ್ದಾನೆ, 1956ರ ಚಲನಚಿತ್ರ ಅದನ್ನು ಸೇರಿಸಿದ ಮೇಲೆ ಜನರ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ನೀತಿವಾಕ್ಯದ ವಿಷಯದಲ್ಲಿ ನಾನು ಹೆಚ್ಚು ಗಟ್ಟಿಯಾಗಿ ನಿಂತೆ: ಗಡಿಯಾರದ ಗುಲಾಮನೊಬ್ಬ ದಿನದ ಲೆಕ್ಕವನ್ನೇ ತಪ್ಪಿ ಗೆಲ್ಲುವ ಕಥೆಯಿಂದ ಸಮಯಪಾಲನೆಯ ಪಾಠ ತೆಗೆಯುವುದು ಹೇಗೆ? ಹಣ ಬರಲಿಲ್ಲ. ನಮ್ಮ ನಾಲ್ವರ ಉಳಿತಾಯದಿಂದಲೇ ಚಿತ್ರ ಮುಗಿಯಿತು, ಹಿನ್ನೆಲೆ ಸಂಗೀತಕ್ಕೆ ಬೇಕೆಂದಿದ್ದ ಸಾರಂಗಿಯ ಬದಲು ಹಾರ್ಮೋನಿಯಂ ಪೆಟಿಗೆಯೇ ಗತಿಯಾಯಿತು. ಆ ಕೊರತೆ ಈಗಲೂ ನನಗೆ ಕೇಳಿಸುತ್ತದೆ.

ಮುಗಿಸುವ ಮುನ್ನ ನಾಲ್ಕು ಊರುಗಳಲ್ಲಿ ಮಕ್ಕಳಿಗೆ ತೋರಿಸಿದೆವು. ನಾನು ಪರದೆಯನ್ನು ನೋಡದೆ ಮಕ್ಕಳನ್ನು ನೋಡುತ್ತ ಕುಳಿತು, ಯಾವ ನಿಮಿಷದಲ್ಲಿ ಪಕ್ಕದವರನ್ನು ಚಿವುಟಲು ಶುರುಮಾಡುತ್ತಾರೆಂದು ಬರೆದುಕೊಳ್ಳುತ್ತಿದ್ದೆ. ಮೊದಲ ಜೋಡಣೆ 31 ನಿಮಿಷವಿತ್ತು. ಕ್ಲಬ್ಬಿನಲ್ಲಿ ಪಣ ಕಟ್ಟುವ ದೃಶ್ಯ ನಾಲ್ಕು ನಿಮಿಷ ನಡೆಯುತ್ತಿತ್ತು, ಎಲ್ಲ ಊರಿನಲ್ಲೂ ಚಿವುಟಾಟ ಅಲ್ಲಿಯೇ ಶುರುವಾಗುತ್ತಿತ್ತು. ಅದನ್ನು 50 ಸೆಕೆಂಡಿಗೆ ಇಳಿಸಿದೆವು. ನಾನು ಕತ್ತರಿಸಬೇಕೆಂದಿದ್ದ, ಆನೆಯ ಬೆಲೆ ಕೇಳುವ ಉದ್ದ ಚೌಕಾಸಿಯನ್ನು ಅವರು ಎರಡನೆಯ ಸಲ ಹಾಕಿಸಿ ನೋಡಿದರು.

ಕಣದ ದೃಶ್ಯ ಎಲ್ಲ ಕಡೆ ತಲುಪಿತು. ಹಂತಿಯನ್ನೇ ಕಾಣದ ಹುಬ್ಬಳ್ಳಿಯ ಮಕ್ಕಳಿಗಾಗಿ ಶುರುವಿನಲ್ಲಿಯೇ ಹನ್ನೆರಡು ಸೆಕೆಂಡು ಎತ್ತುಗಳ ಸುತ್ತನ್ನು ಸುಮ್ಮನೆ ತೋರಿಸಿಬಿಟ್ಟಿದ್ದೆವು, ಅದು ಸಾಕಾಯಿತು. ಹಾವೇರಿ ಕಡೆಯ ಒಂದು ಶಾಲೆಯಲ್ಲಿ ಚಿತ್ರ ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು, “ಎತ್ತಿನ ಹಿಂದಿಂದ ಹೋಗಿದ್ರ?” ಎಂದಳು. ಉತ್ತರ ಹೇಳುವ ಬದಲು ಎಲ್ಲರನ್ನೂ ಅಂಗಳಕ್ಕೆ ಕರೆದೊಯ್ದೆವು. ಒಬ್ಬ ಹುಡುಗ ಎತ್ತಾದ, ಒಬ್ಬ ಅಜ್ಜನಾಗಿ ಕುಳಿತ, ಅವಳು ಎತ್ತು ಹೋಗುವ ದಿಕ್ಕಿನಲ್ಲಿಯೇ ನಿಧಾನವಾಗಿ ಒಂದು ಸುತ್ತು ನಡೆದಳು. ಅಜ್ಜ ಐದು ಎಣಿಸಿದ, ಅವಳು ನಾಲ್ಕು. ಪಶ್ಚಿಮಕ್ಕೆ ಹೊರಟಿದ್ದರೆ ಫಾಗ್ ಸೋಲುತ್ತಿದ್ದನೆಂದು ಅವರೇ ಕೂಗಿದರು. ಈಗ ಆ ನಡಿಗೆಯನ್ನು ಚಿತ್ರದ ಹೆಸರುಪಟ್ಟಿಯ ಕೆಳಗೆ ಸೇರಿಸುತ್ತಿದ್ದೇನೆ. ಎಂಟು ಸೆಕೆಂಡು, 96 ಚಿತ್ರ. ನಿನ್ನೆಯವರೆಗೆ 41 ಆಗಿವೆ.