ಹ್ಯೂಸ್ಟನ್‌ನಲ್ಲಿ ಮನೆ ಕೊಳ್ಳುವ ನಮ್ಮವರು ನೀರಿನ ವಿಷಯ ಮೊದಲು ಕೇಳಿ

ಹ್ಯೂಸ್ಟನ್‌ಗೆ ಬಂದು ಎರಡು ಮೂರು ವರ್ಷವಾಗುತ್ತಿದ್ದಂತೆ ನಮ್ಮವರು ಮನೆ ನೋಡಲು ಶುರು ಮಾಡುತ್ತಾರೆ. ಕೇಟಿ, ಶುಗರ್‌ಲ್ಯಾಂಡ್, ಪೇರ್‌ಲ್ಯಾಂಡ್. ಎಲ್ಲರ ಪ್ರಶ್ನೆಗಳೂ ಹೆಚ್ಚು ಕಡಿಮೆ ಒಂದೇ. ಸ್ಕೂಲ್ ಹೇಗಿದೆ, ಬಾಗಿಲು ಪೂರ್ವಕ್ಕಿದೆಯಾ, ದೇವರ ಮನೆಗೆ ಜಾಗ ಇದೆಯಾ, ಆಫೀಸು ಎಷ್ಟು ದೂರ. ಜೋರು ಮಳೆ ಬಂದರೆ ನೀರು ಯಾವ ಕಡೆ ಹೋಗುತ್ತೆ ಅಂತ ಕೇಳುವವರು ತೀರಾ ಕಡಿಮೆ. ಇದೇ ಜನ ಬೆಂಗಳೂರಿನಲ್ಲಿ ಸೈಟು ಕೊಳ್ಳುವಾಗ ಕೆರೆ ಅಂಗಳವಾ, ರಾಜಕಾಲುವೆ ಪಕ್ಕದಲ್ಲಿದೆಯಾ ಅಂತ ಹತ್ತು ಜನರನ್ನು ವಿಚಾರಿಸುತ್ತಾರೆ. ಇಲ್ಲಿ ಮಾತ್ರ ರಸ್ತೆ ಅಗಲ ಇದೆ, ಹುಲ್ಲು ನೀಟಾಗಿದೆ, ಹಾಗಾಗಿ ಸರಕಾರ ಎಲ್ಲ ನೋಡಿಕೊಂಡಿರುತ್ತೆ ಅಂತ ನಂಬಿಬಿಡುತ್ತೇವೆ. ಈ ನಂಬಿಕೆ ಎಷ್ಟು ದುಬಾರಿ ಅನ್ನೋದು 2017ರ ಆಗಸ್ಟ್‌ನಲ್ಲಿ ಗೊತ್ತಾಯಿತು.

ಹಾರ್ವೀ ಚಂಡಮಾರುತ ದಡ ಸೇರಿದ್ದು ಆಗಸ್ಟ್ 25ರಂದು, ಇಲ್ಲಿಂದ ದೂರದಲ್ಲಿ. ಆದರೆ ಮಳೆ ನಮ್ಮ ನೆತ್ತಿಯ ಮೇಲೆ ನಿಂತುಬಿಟ್ಟಿತು. ಪೂರ್ವಕ್ಕಿರುವ ನೆದರ್‌ಲ್ಯಾಂಡ್ ಎಂಬ ಊರಲ್ಲಿ 60 ಇಂಚು ದಾಟಿತು. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿ ಒಂದರಲ್ಲೇ ಸುಮಾರು 1 ಲಕ್ಷ 54 ಸಾವಿರ ಮನೆಗಳಿಗೆ ನೀರು ನುಗ್ಗಿತು ಅಂತ ಕೌಂಟಿಯ ಪ್ರವಾಹ ನಿಯಂತ್ರಣ ಇಲಾಖೆಯೇ ಲೆಕ್ಕ ಕೊಟ್ಟಿದೆ. ಅದರಲ್ಲಿ ನೂರಕ್ಕೆ 68 ಮನೆಗಳು ಸರಕಾರಿ ನಕ್ಷೆಯ ‘ನೂರು ವರ್ಷದ ಪ್ರವಾಹ’ದ ಗೆರೆಯ ಹೊರಗಿದ್ದವು. ನೂರಕ್ಕೆ 64 ಮನೆಗಳಿಗೆ ಫ್ಲಡ್ ಇನ್ಶೂರೆನ್ಸ್ ಇರಲಿಲ್ಲ. ಈ ಎರಡು ಸಂಖ್ಯೆ ನೆನಪಿಟ್ಟುಕೊಳ್ಳಿ. ಬ್ಯಾಂಕು ಫ್ಲಡ್ ಪಾಲಿಸಿಯನ್ನು ಕಡ್ಡಾಯ ಮಾಡುವುದು ಗೆರೆಯ ಒಳಗಿನವರಿಗೆ. ಹೊರಗಿನವರಿಗೆ ‘ಬೇಕಾಗಿಲ್ಲ’ ಅಂತ ಒಂದು ಮಾತು ಸಿಗುತ್ತೆ. ಸಾಲ ಕೊಡಲು ಬೇಕಾಗಿಲ್ಲ ಅಂತ ಅದರ ಅರ್ಥವೇ ಹೊರತು ನೀರು ಬರಲ್ಲ ಅಂತ ಅಲ್ಲ.

ನೂರು ವರ್ಷದ ಪ್ರವಾಹ ಅಂದ ತಕ್ಷಣ ನಮ್ಮ ಕಾಲಕ್ಕೆ ಬರಲ್ಲ ಬಿಡಿ ಅನ್ನುತ್ತಾರೆ. ಪ್ರತಿ ವರ್ಷವೂ ನೂರಕ್ಕೆ ಒಂದರಷ್ಟು ಸಾಧ್ಯತೆ, ಅಷ್ಟೇ ಲೆಕ್ಕ. ಮೂವತ್ತು ವರ್ಷದ ಸಾಲ ತೀರುವಷ್ಟರಲ್ಲಿ ಅದು ನೂರಕ್ಕೆ 26 ಆಗುತ್ತೆ. ಬ್ರೇಸ್ ಬೈಯೂ (ನಿಧಾನವಾಗಿ ಹರಿಯುವ ಹೊಳೆಗೆ ಇಲ್ಲಿ ಬೈಯೂ ಅನ್ನುತ್ತಾರೆ) ಪಕ್ಕದ ಮೇಯರ್‌ಲ್ಯಾಂಡ್‌ನಲ್ಲಿ 2015, 2016, 2017, ಸಾಲಾಗಿ ಮೂರು ವರ್ಷ ಮನೆಗಳಿಗೆ ನೀರು ನುಗ್ಗಿತು.

ಕೇಟಿ ಕಡೆ ನೋಡುವವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ಆ ಭಾಗದಲ್ಲಿ ಆಡಿಕ್ಸ್ ಮತ್ತು ಬಾರ್ಕರ್ ಅಂತ ಎರಡು ಜಲಾಶಯಗಳಿವೆ. 1940ರ ದಶಕದಲ್ಲಿ ಅಮೆರಿಕದ ಸೇನೆಯ ಎಂಜಿನಿಯರ್ ವಿಭಾಗವಾದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ಕಟ್ಟಿದ್ದು. ಕೆಆರ್‌ಎಸ್ ನೋಡಿದ ಕಣ್ಣಿಗೆ ಅಣೆಕಟ್ಟು ಅಂದರೆ ನೀರು ನಿಂತಿರಬೇಕು. ಇವು ವರ್ಷದ ಬಹುಪಾಲು ಒಣಗಿರುತ್ತವೆ. ಒಳಗೆ ಪಾರ್ಕು, ಮಕ್ಕಳ ಸಾಕರ್ ಮೈದಾನ, ಸೈಕಲ್ ದಾರಿ. ಏರಿಯ ಮೇಲೆ ಕಾರು ಓಡಿಸಿಕೊಂಡು ಹೋದರೂ ಇದು ಅಣೆಕಟ್ಟು ಅಂತ ಗೊತ್ತಾಗುವುದಿಲ್ಲ. ಸರಕಾರ ಕೊಂಡ ಜಮೀನಿನ ಆಚೆಗೂ ನೀರು ನಿಲ್ಲಬಹುದಾದ ಜಾಗ ಇತ್ತು, ಅಲ್ಲಿ ಸಾವಿರಾರು ಮನೆಗಳು ಎದ್ದವು. ಫೋರ್ಟ್ ಬೆಂಡ್ ಕೌಂಟಿಯ ಕೆಲವು ಬಡಾವಣೆಗಳ ಪ್ಲಾಟ್ ನಕ್ಷೆಯಲ್ಲಿ ಇಲ್ಲಿ ನೀರು ನಿಲ್ಲಬಹುದು ಅಂತ ಒಂದು ಸಾಲು ಬರೆದಿತ್ತು. ಮನೆ ಕೊಳ್ಳುವವರ ಕೈಗೆ ಆ ನಕ್ಷೆ ಕೊಟ್ಟವರು ಯಾರು? ಹಾರ್ವೀ ಬಂದಾಗ ಜಲಾಶಯದ ನೀರು ಹಿಂದಕ್ಕೆ ಹಬ್ಬಿ ಆ ಮನೆಗಳೊಳಗೆ ಬಂತು. ಆಗಸ್ಟ್ 28ರಂದು ಗೇಟು ತೆಗೆದು ಬಿಡಲು ಶುರು ಮಾಡಿದ ಮೇಲೆ ಕೆಳಗೆ ಬಫಲೋ ಬೈಯೂ ದಂಡೆಯ ಮನೆಗಳೂ ಮುಳುಗಿದವು. ಜಲಾಶಯದ ಹಿಂಬದಿಯ ಮನೆಯವರ ವಿಷಯದಲ್ಲಿ ಸರಕಾರವೇ ಹೊಣೆ ಅಂತ ಫೆಡರಲ್ ಕೋರ್ಟು 2019ರಲ್ಲಿ ಹೇಳಿತು. ಕೋರ್ಟು ಹೇಳುವಷ್ಟರಲ್ಲಿ ಆ ಜನ ಸಾಲ ಮಾಡಿ ಗೋಡೆ ಕಟ್ಟಿಕೊಂಡಾಗಿತ್ತು.

ನಮ್ಮ ಪರಿಚಯದ ಒಬ್ಬರ ಮನೆ ಖಾಲಿ ಮಾಡಲು ನಾವು ಕೆಲವರು ಹೋಗಿದ್ದೆವು. ಕೊಳೆತ ಕಾರ್ಪೆಟ್ ಎಳೆದು ಹೊರಗೆ ಹಾಕಿ, ಶೀಟ್‌ರಾಕ್ ಅನ್ನು, ಅಂದರೆ ಗೋಡೆಯ ಹಲಗೆಯನ್ನು, ನಾಲ್ಕು ಅಡಿ ಎತ್ತರಕ್ಕೆ ಕುಯ್ದು, ಒಳಗಿನ ಒದ್ದೆ ಇನ್ಸುಲೇಶನ್ ಕಿತ್ತು ಚೀಲಕ್ಕೆ ತುಂಬಿದೆವು. ದೇವರ ಮನೆ ಕೆಳಗಡೆಯೇ ಇತ್ತು. ಅಮ್ಮ ಕೊಟ್ಟು ಕಳಿಸಿದ್ದ ಮೈಸೂರು ಸಿಲ್ಕ್ ಸೀರೆಗಳು ಕಬೋರ್ಡಿನ ತಳದಲ್ಲಿದ್ದವು, ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿಹೋಗಿತ್ತು. ಅಜ್ಜಿ ಕೈಯಲ್ಲಿ ಬರೆದ ಹಾಡಿನ ಪುಸ್ತಕ ಹಾಳೆಗೆ ಹಾಳೆ ಅಂಟಿ ಗಟ್ಟಿಯಾಗಿತ್ತು. ಆ ಮನೆಯಾಕೆ ಸೋಫಾ, ಟಿವಿ, ಫ್ರಿಜ್ ಹೋದಾಗ ಒಂದು ಮಾತೂ ಆಡಲಿಲ್ಲ. ಆ ಪುಸ್ತಕ ಹಿಡಿದುಕೊಂಡು ಗ್ಯಾರೇಜಿನಲ್ಲಿ ಕೂತುಬಿಟ್ಟರು. ಹಾಗಾಗಿ ಇವತ್ತೇ ಮಾಡಿ: ಅಂಥ ಪುಸ್ತಕ, ಹಳೇ ಫೋಟೋ, ಜಾತಕ, ಮದುವೆ ಆಲ್ಬಮ್ ಎಲ್ಲವನ್ನೂ ಮಹಡಿ ಮೇಲೆ ಇಡಿ, ಸ್ಕ್ಯಾನ್ ಮಾಡಿ ಊರಿನವರಿಗೂ ಒಂದು ಪ್ರತಿ ಕಳಿಸಿ. ಇವಕ್ಕೆ ಯಾವ ಪಾಲಿಸಿಯೂ ಬೆಲೆ ಕಟ್ಟಿ ಕೊಡಲ್ಲ.

ಈಗ ಪಾಲಿಸಿ. ಮಾಮೂಲಿ ಮನೆ ಇನ್ಶೂರೆನ್ಸ್‌ನಲ್ಲಿ ಪ್ರವಾಹ ಸೇರಿರುವುದಿಲ್ಲ. ಪೈಪ್ ಒಡೆದರೆ ಅದು ಕೊಡಬಹುದು, ಹೊರಗಿನಿಂದ ನೀರು ಏರಿ ಬಂದರೆ ಕೊಡಲ್ಲ. ಅದಕ್ಕೆ ಬೇರೆ ಪಾಲಿಸಿ ಬೇಕು. 1968ರಿಂದ ಇರುವ ಸರಕಾರಿ ಯೋಜನೆ ಎನ್‌ಎಫ್‌ಐಪಿಯಲ್ಲಿ ಕಟ್ಟಡಕ್ಕೆ ಹೆಚ್ಚೆಂದರೆ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್. ಸಾಮಾನಿನದ್ದು ಬೇರೆಯಾಗಿ ಕೇಳಿ ಸೇರಿಸಬೇಕು, ತಾನಾಗಿ ಬರಲ್ಲ. ಅದೂ ಹೊಸದರ ಬೆಲೆ ಕೊಡುವುದಿಲ್ಲ, ಸವೆತ ಕಳೆದು ಕೊಡುತ್ತಾರೆ. ನಮ್ಮ ಮನೆಗಳಿಗೆ ಮುಖ್ಯವಾದದ್ದು ಇನ್ನೊಂದು ಇದೆ. ಒಡವೆ, ಬೆಳ್ಳಿ ದೀಪ, ಪಂಚಪಾತ್ರೆ, ತಟ್ಟೆ ಎಲ್ಲ ಸೇರಿಸಿ ಸಿಗುವುದು 2,500 ಡಾಲರ್ ಮಾತ್ರ. ನಗದಿಗೆ ಏನೂ ಇಲ್ಲ. ರಿಪೇರಿ ಆಗುವ ತನಕ ಹೊರಗೆ ಬಾಡಿಗೆ ಕೊಟ್ಟು ಇರಬೇಕಲ್ಲ, ಅದನ್ನೂ ಈ ಯೋಜನೆ ಕೊಡಲ್ಲ. ಖಾಸಗಿ ಕಂಪನಿಗಳ ಕೆಲವು ಪಾಲಿಸಿಗಳು ಕೊಡುತ್ತವೆ, ಎರಡನ್ನೂ ಪಕ್ಕದಲ್ಲಿಟ್ಟು ಓದಿ. ಕಾರು ಮುಳುಗಿದರೆ ಅದರ ಕಾಂಪ್ರಹೆನ್ಸಿವ್ ಪಾಲಿಸಿಯೇ ಗತಿ.

2021ರಿಂದ ಪ್ರೀಮಿಯಂ ಆಯಾ ಮನೆ ನೋಡಿ ಹಾಕುತ್ತಾರೆ, ಹಾಗಾಗಿ ಸ್ನೇಹಿತರ ಪ್ರೀಮಿಯಂ ಕೇಳಿ ಅಂದಾಜು ಮಾಡಬೇಡಿ. ಮಾರುವವರ ಹತ್ತಿರ ಎನ್‌ಎಫ್‌ಐಪಿ ಪಾಲಿಸಿ ಇದ್ದರೆ ನಿಮ್ಮ ಹೆಸರಿಗೆ ವರ್ಗ ಮಾಡಿಸಿಕೊಳ್ಳಬಹುದು, ಕೆಲವೊಮ್ಮೆ ಅದು ಅಗ್ಗ. ಟೆಕ್ಸಾಸ್‌ನಲ್ಲಿ 2019ರ ಕಾನೂನಿನ ಪ್ರಕಾರ ಮನೆಗೆ ಹಿಂದೆ ನೀರು ಬಂದಿದೆಯಾ, ಜಲಾಶಯದ ಜಾಗದಲ್ಲಿದೆಯಾ ಅಂತ ಮಾರುವವರು ಬರೆದುಕೊಡಬೇಕು. ಆ ಹಾಳೆ ಓದದೆ ಸಹಿ ಹಾಕಬೇಡಿ. ಬಾಡಿಗೆ ಮನೆಯವರಿಗೂ 2022ರಿಂದ ಇಂಥದ್ದೇ ನೋಟೀಸು ಕೊಡಬೇಕು, ಅವರು ಸಾಮಾನಿಗಷ್ಟೇ ಪಾಲಿಸಿ ಮಾಡಿಸಬಹುದು. ಫೀಮಾ (ಕೇಂದ್ರ ಸರಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ನಕ್ಷೆ, ಕೌಂಟಿ ನಕ್ಷೆ ಎರಡೂ ಆನ್‌ಲೈನ್ ಇವೆ, ವಿಳಾಸ ಹಾಕಿದರೆ ಆಯಿತು. ಆದರೆ ನಕ್ಷೆಗಿಂತ ಹೆಚ್ಚು ಹೇಳುವವರು ಅಕ್ಕಪಕ್ಕದವರು. ಸಂಜೆ ಹೊತ್ತು ಹೋಗಿ, ನಾಯಿ ಹಿಡಿದು ಓಡಾಡುವ ಹಿರಿಯರನ್ನು ಮಾತಾಡಿಸಿ, ಹಾರ್ವೀಯಲ್ಲಿ ಈ ಬೀದಿ ಹೇಗಿತ್ತು ಅಂತ ಕೇಳಿ. ನೇರವಾಗಿ ಹೇಳುತ್ತಾರೆ.

ನಾವು ಹುಟ್ಟಿ ಬೆಳೆದ ಕಡೆ ಹೊಳೆ ಎಲ್ಲಿ ಹುಟ್ಟುತ್ತೆ, ಯಾವ ತಿಂಗಳು ಸೇತುವೆ ಮುಟ್ಟುತ್ತೆ ಅಂತ ಮಕ್ಕಳಿಗೂ ಗೊತ್ತಿತ್ತು. ಯಾರೂ ಕೂರಿಸಿ ಕಲಿಸಲಿಲ್ಲ. ಇಲ್ಲಿ ಹತ್ತು ವರ್ಷ ಇದ್ದವರಿಗೂ ಮನೆ ಹಿಂದಿನ ಬೈಯೂ ಹೆಸರು ಗೊತ್ತಿರಲ್ಲ. ಇದು ನನಗೆ ನಿಜವಾಗಿ ಬೇಜಾರಿನ ಸಂಗತಿ. ಮಕ್ಕಳು ಇದೇ ಊರಿನವರಾಗಿ ಬೆಳೆಯುತ್ತಿದ್ದಾರೆ. ನಾನು ಹೇಳಿದ ಆ ಮನೆಯ ಹುಡುಗ ವರ್ಷಗಟ್ಟಲೆ, ಮಳೆ ಶುರುವಾದರೆ ಸಾಕು, ಸ್ಕೂಲ್ ಬ್ಯಾಗು ಮಹಡಿಗೆ ಹೊತ್ತೊಯ್ದು ಇಡುತ್ತಿದ್ದ. ನಮಗೆ ಮಳೆ ಅಂದರೆ ಅಂಗಳಕ್ಕೆ ಓಡುವ ಖುಷಿ. ಅವನಿಗೆ ಅದು ಸಿಗಲಿಲ್ಲ. ಅವನ ತಂದೆ ಕೊನೆಗೆ ಮಾಡಿದ್ದು ನನಗೆ ಬಹಳ ಹಿಡಿಸಿತು. ಅವನನ್ನು ಬೈಯೂ ದಂಡೆಗೆ ಕರೆದುಕೊಂಡು ಹೋಗಿ ನೀರು ಎಲ್ಲಿಂದ ಬಂದು ಎಲ್ಲಿ ಸಮುದ್ರ ಸೇರುತ್ತೆ ಅಂತ ತೋರಿಸಿದರು. ಕೌಂಟಿಯವರ ಅಳತೆ ಯಂತ್ರದ ಮಟ್ಟ ಫೋನಿನಲ್ಲಿ ನೋಡುವುದು ಕಲಿಸಿದರು. ಈಗ ಮಳೆ ಬಂದರೆ ಮನೆಯವರಿಗೆಲ್ಲ ಆ ಹುಡುಗನೇ ವರದಿ ಕೊಡುತ್ತಾನೆ.

ಕೊನೆಯದಾಗಿ ದಿನಾಂಕದ ವಿಷಯ. ಮನೆ ಸಾಲದ ಕ್ಲೋಸಿಂಗ್, ಅಂದರೆ ಕೊನೆಯ ಸಹಿ ಹಾಕಿ ವ್ಯವಹಾರ ಮುಗಿಸುವುದರ ಜೊತೆಗೇ ಎನ್‌ಎಫ್‌ಐಪಿ ಪಾಲಿಸಿ ಮಾಡಿಸಿದರೆ ಅವತ್ತಿನಿಂದಲೇ ಜಾರಿ. ಆಮೇಲೆ ಮಾಡಿಸಿದರೆ ಸಾಮಾನ್ಯವಾಗಿ 30 ದಿನ ಕಾಯಬೇಕು. ಚಂಡಮಾರುತದ ಕಾಲ ಜೂನ್ 1ಕ್ಕೆ ಶುರು. ಟಿವಿಯಲ್ಲಿ ಹೆಸರಿಟ್ಟ ಮಾರುತ ತಿರುಗುತ್ತಿರುವಾಗ ಏಜೆಂಟಿಗೆ ಫೋನ್ ಮಾಡಿ ಪ್ರಯೋಜನವಿಲ್ಲ, ಏಪ್ರಿಲ್‌ನಲ್ಲೇ ಮಾಡಿ. ಪಾಲಿಸಿ ಬಂದ ದಿನ ಫೋನ್ ಹಿಡಿದು ಮನೆಯೆಲ್ಲ ಒಂದು ಸುತ್ತು ವಿಡಿಯೋ ತೆಗೆಯಿರಿ, ಕಬೋರ್ಡು ಬಾಗಿಲು ತೆರೆದು, ಅಡುಗೆಮನೆ ಡ್ರಾಯರ್ ಎಳೆದು. ಮನೆ ನೋಡಲು ಹೋಗುವಾಗ ಜೊತೆಗೆ ಯಾರಾದರೂ ಬೇಕಿದ್ದರೆ ಹೇಳಿ, ಶನಿವಾರ ನಾನು ಬಿಡುವಾಗಿರುತ್ತೇನೆ.