ನಗರಸಭೆಯ ಟೆಂಡರು: ಕಾಮಗಾರಿಗೆ ಒಂದು ಕ್ರಮ, ನೌಕರರ ವಿಮೆಗೆ ಇನ್ನೊಂದು

ರಸ್ತೆ-ಚರಂಡಿ ಕಾಮಗಾರಿಯ ಟೆಂಡರೂ ನೌಕರರ ಆರೋಗ್ಯ ವಿಮೆಯ ಟೆಂಡರೂ ಎಷ್ಟೋ ಸಲ ಒಂದೇ ಸಭೆಯ ಕಾರ್ಯಸೂಚಿಯಲ್ಲಿ ಒಂದರ ಕೆಳಗೊಂದು ಬರುತ್ತವೆ. ಎರಡಕ್ಕೂ ಪ್ರಕಟಣೆ, ಲಕೋಟೆ, ತುಲನಾ ಪಟ್ಟಿ, ಠರಾವು ಇರುವುದರಿಂದ ಸದಸ್ಯರು ಎರಡನ್ನೂ ಒಂದೇ ಬಗೆಯ ವ್ಯವಹಾರವೆಂದು ತಿಳಿಯುವುದು ಸಹಜ. ಆದರೆ ಕಾಮಗಾರಿಯಲ್ಲಿ ಏನು ಬೇಕೆಂಬುದನ್ನು ನಕ್ಷೆ, ಅಳತೆ ಸಮೇತ ನಗರಸಭೆಯೇ ಹೇಳಿರುತ್ತದೆ, ಗುತ್ತಿಗೆದಾರರು ದರ ಮಾತ್ರ ತುಂಬುತ್ತಾರೆ. ಆದ್ದರಿಂದ ಅರ್ಹರ ಪೈಕಿ ಕಡಿಮೆ ದರದವರಿಗೆ ಕೊಡುವುದು ಸರಿ. ವಿಮೆಯಲ್ಲಿ ಹಾಗಲ್ಲ. ಒಂದೊಂದು ಕಂಪನಿ ಒಂದೊಂದು ಷರತ್ತಿನ ಪಾಲಿಸಿ ತಂದಿಡುತ್ತದೆ. ಅಲ್ಲಿ ಪ್ರೀಮಿಯಂ ಒಂದನ್ನೇ ನೋಡಿ ನಿರ್ಧರಿಸಿದರೆ ಅದರ ಪೆಟ್ಟು ಬೀಳುವುದು ಆಸ್ಪತ್ರೆಯ ಕೌಂಟರಿನಲ್ಲಿ ನಿಂತ ನೌಕರನ ಮೇಲೆ.

ಟೆಂಡರಿಗೆ ಕೊಡಬೇಕಾದ ದಿನಗಳು, ಮೊತ್ತದ ಮಿತಿ, ಯಾರಿಗೆ ಎಷ್ಟು ಅಧಿಕಾರ ಎಂಬುದೆಲ್ಲ ಊರೂರಿಗೆ ಬೇರೆ. ಅದನ್ನು ನಿಮ್ಮ ಕಾಯ್ದೆಯಲ್ಲೇ ನೋಡಬೇಕು. ಇಲ್ಲಿರುವುದು ಎಲ್ಲಿಯಾದರೂ ಒದಗುವ ಕೆಲಸದ ಕ್ರಮ.

ಅಂದಾಜು ಪಟ್ಟಿಯಲ್ಲೇ ಅರ್ಧ ಕೆಲಸ

ಟೆಂಡರ್ ಕರೆಯುವ ಮುನ್ನ ಮೂರು ಸಂಗತಿ ಕೈಯಲ್ಲಿರಬೇಕು: ಜಾಗ ನಗರಸಭೆಯ ಸ್ವಾಧೀನದಲ್ಲಿದೆ ಎಂಬ ದಾಖಲೆ, ಹಣ ಯಾವ ಲೆಕ್ಕಶೀರ್ಷಿಕೆಯಿಂದ ಎಂಬ ಖಚಿತತೆ, ಮತ್ತು ಸ್ಥಳ ಪರಿಶೀಲನೆಯ ಮೇಲೆ ನಿಂತ ಪರಿಮಾಣ ಪಟ್ಟಿ, ಅಂದರೆ ಯಾವ ಕೆಲಸ ಎಷ್ಟು ಎಂಬ ಪಟ್ಟಿ. ಮೂರನೆಯದನ್ನು ಕಚೇರಿಯಲ್ಲೇ ಕುಳಿತು, ಹಿಂದಿನ ವರ್ಷದ ಪಟ್ಟಿ ನಕಲು ಮಾಡಿ ಮುಗಿಸುವುದುಂಟು. ಮುಂದೆ ಬರುವ ಹೆಚ್ಚುವರಿ ಬಿಲ್ಲುಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಚರಂಡಿ ಹಾದುಹೋಗುವ ದಾರಿಯಲ್ಲಿ ಅಲ್ಲಲ್ಲಿ ಪರೀಕ್ಷಾ ಗುಂಡಿ ತೋಡಿ ಮಣ್ಣೆಷ್ಟು, ಬಂಡೆಯೆಷ್ಟು ಎಂದು ನೋಡಬೇಕು. ನೆಲದಡಿಯ ನೀರಿನ ಕೊಳವೆ, ಕೇಬಲ್ಲುಗಳನ್ನು ಆಯಾ ಇಲಾಖೆಯವರಿಂದ ಗುರುತು ಹಾಕಿಸಬೇಕು.

ಪ್ರತಿ ಬಾಬಿನ (ಪಟ್ಟಿಯ ಒಂದೊಂದು ಕೆಲಸದ) ವಿವರಣೆಯಲ್ಲಿ ಏನೇನು ಸೇರಿದೆ ಎಂದು ಬಿಡಿಸಿ ಬರೆಯಿರಿ. ‘300 ಮಿಮೀ ಕೊಳವೆ ಅಳವಡಿಸುವುದು, ಮೀಟರಿಗೆ’ ಎಂದಷ್ಟೇ ಇದ್ದರೆ ಒಬ್ಬ ಗುತ್ತಿಗೆದಾರ ಅಗೆತ, ಮರಳಿನ ಹಾಸು, ಜೋಡಣೆ, ಸೋರಿಕೆ ಪರೀಕ್ಷೆ, ಮಣ್ಣು ತುಂಬಿ ದಮ್ಮಸು ಹಾಕುವುದು, ಕಿತ್ತ ರಸ್ತೆಯ ದುರಸ್ತಿ, ಎಲ್ಲವನ್ನೂ ಸೇರಿಸಿ ದರ ಹಾಕುತ್ತಾನೆ. ಇನ್ನೊಬ್ಬ ಕೊಳವೆ ಇಳಿಸಿ ಜೋಡಿಸುವುದಕ್ಕೆ ಮಾತ್ರ ಹಾಕುತ್ತಾನೆ. ಎರಡನೆಯವನ ದರ ಕಡಿಮೆ ಕಾಣುತ್ತದೆ, ಕೆಲಸ ಅವನಿಗೇ ಹೋಗುತ್ತದೆ. ಉಳಿದದ್ದಕ್ಕೆ ಆಮೇಲೆ ಅವನು ಬೇರೆ ಬಿಲ್ಲು ಕೊಡುತ್ತಾನೆ. ಗುಂಡಿಯ ನೀರು ತೆಗೆಯುವುದು, ವಾಹನ ಸಂಚಾರದ ವ್ಯವಸ್ಥೆ, ಹೆಚ್ಚಾದ ಮಣ್ಣನ್ನು ಎಷ್ಟು ದೂರ ಸಾಗಿಸಬೇಕು ಎಂಬುದು, ಇವು ಮೂರು ಪದೇ ಪದೇ ಬಿಟ್ಟುಹೋಗುವ ಬಾಬುಗಳು.

ಮೊತ್ತದ ಮಿತಿಯೊಳಗೆ ತರಲೆಂದು ಒಂದೇ ರಸ್ತೆಯನ್ನು ನಾಲ್ಕು ತುಂಡು ಮಾಡಿ ನಾಲ್ಕು ಕಾಮಗಾರಿ ಎಂದು ತೋರಿಸಬೇಡಿ. ಲೆಕ್ಕಪರಿಶೋಧನೆಯಲ್ಲಿ ಮೊದಲು ಕಣ್ಣಿಗೆ ಬೀಳುವ ಆಕ್ಷೇಪಣೆಗಳಲ್ಲಿ ಅದೂ ಒಂದು.

ಪ್ರಕಟಣೆಯಿಂದ ಲಕೋಟೆ ತೆರೆಯುವವರೆಗೆ

ಪ್ರಕಟಣೆಯಲ್ಲಿ ಕೆಲಸದ ಹೆಸರು, ದಾಖಲೆ ಸಿಗುವ ಜಾಗ, ಸ್ಥಳ ಭೇಟಿಯ ದಿನ, ಪ್ರಶ್ನೆ ಕೇಳಲು ಕೊನೆಯ ದಿನ, ಸಲ್ಲಿಕೆಯ ಗಡುವು, ತೆರೆಯುವ ಸಮಯ, ಇಎಂಡಿ (ಟೆಂಡರಿನ ಜೊತೆ ಇಡಬೇಕಾದ ಮುಂಗಡ ಠೇವಣಿ) ಮೊತ್ತ, ಟೆಂಡರಿನ ಸಿಂಧುತ್ವದ ಅವಧಿ (ಹಾಕಿದ ದರಕ್ಕೆ ಗುತ್ತಿಗೆದಾರ ಬದ್ಧನಾಗಿರಬೇಕಾದ ದಿನಗಳು) ಇಷ್ಟೂ ಇರಲೇಬೇಕು. ಒಬ್ಬ ಗುತ್ತಿಗೆದಾರ ಎಂಜಿನಿಯರಿಗೆ ಫೋನು ಮಾಡಿ ಕೇಳಿದ ಪ್ರಶ್ನೆಗೆ ಫೋನಿನಲ್ಲೇ ಉತ್ತರ ಕೊಡಬಾರದು. ಪ್ರಶ್ನೆಯೂ ಉತ್ತರವೂ ಬರಹದಲ್ಲಿ ಎಲ್ಲರಿಗೂ ಹೋಗಬೇಕು. ನಕ್ಷೆಯಲ್ಲೋ ಪರಿಮಾಣದಲ್ಲೋ ಬದಲಾವಣೆಯಾದರೆ ತಿದ್ದೋಲೆ ಹೊರಡಿಸಿ, ಅದು ತಲುಪಿದೆ ಎಂದು ಪ್ರತಿಯೊಬ್ಬರೂ ಟೆಂಡರಿನಲ್ಲೇ ಸಹಿ ಹಾಕುವಂತೆ ಮಾಡಿ. ಗಡುವಿಗೆ ಎರಡು ಮೂರು ದಿನವಿರುವಾಗ ತಿದ್ದೋಲೆ ಹೊರಡಿಸಬೇಕಾಗಿ ಬಂದರೆ ಗಡುವನ್ನೂ ಮುಂದೂಡಿ.

ಇಎಂಡಿಯನ್ನು ಟೆಂಡರ್ ಮೊತ್ತದ ಶೇಕಡಾವಾರು ಎನ್ನುವುದಕ್ಕಿಂತ ಒಂದು ನಿಗದಿತ ಮೊತ್ತವಾಗಿ ಇಡುವುದು ಮೇಲು. ಶೇಕಡಾವಾರು ಇಟ್ಟರೆ, ಗುತ್ತಿಗೆದಾರ ಇಎಂಡಿಗೆಂದು ಬ್ಯಾಂಕ್ ಗ್ಯಾರಂಟಿ ಮಾಡಿಸಿದ ಮೊತ್ತ ಗೊತ್ತಾದವರಿಗೆ ಅವನ ದರವೂ ಗೊತ್ತಾದಂತೆ. ಗ್ಯಾರಂಟಿಯ ಅವಧಿ ಟೆಂಡರಿನ ಸಿಂಧುತ್ವಕ್ಕಿಂತ ಉದ್ದವಿರಬೇಕು. ವಿಶ್ವಬ್ಯಾಂಕಿನ ಮಾದರಿ ಟೆಂಡರ್ ದಾಖಲೆಗಳು 28 ದಿನ ಹೆಚ್ಚಿಗೆ ಕೇಳುತ್ತವೆ.

ಗಡುವು ಮೀರಿ ಬಂದ ಲಕೋಟೆಯನ್ನು, ಒಂದೇ ನಿಮಿಷ ತಡವಾಗಿದ್ದರೂ, ತೆರೆಯದೆ ಹಿಂದಿರುಗಿಸಿ. ತೆರೆಯುವಾಗ ಹೆಸರು, ಒಟ್ಟು ಮೊತ್ತ, ಇಎಂಡಿ ಇದೆಯೇ ಇಲ್ಲವೇ ಎಂಬುದನ್ನು ಗಟ್ಟಿಯಾಗಿ ಓದಿ ನಡಾವಳಿಯಲ್ಲಿ ಬರೆದುಕೊಳ್ಳಿ. ಹೊಡೆದು ತಿದ್ದಿದ ಕಡೆಯೆಲ್ಲ ಸುತ್ತು ಹಾಕಿ, ಎಷ್ಟು ತಿದ್ದುಪಡಿ ಎಂದು ಪುಟದಲ್ಲೇ ನಮೂದಿಸಿ, ಹಾಜರಿದ್ದವರ ಸಹಿ ಪಡೆಯಿರಿ. ‘ಇವರೇ ಎಲ್-1’ (ಅತಿ ಕಡಿಮೆ ದರದವರು) ಎಂದು ಆ ಕ್ಷಣದಲ್ಲೇ ಯಾರೂ ಘೋಷಿಸಬಾರದು. ಓದಿದ್ದು ಓದಿದ ಮೊತ್ತ ಮಾತ್ರ, ಪರಿಶೀಲನೆ ಇನ್ನೂ ಬಾಕಿಯಿದೆ.

ದರದೊಳಗೆ ಇಣುಕುವುದು

ಮೊದಲು ಕೂಡು-ಗುಣಿಸು. ಘಟಕ ದರವನ್ನು ಪರಿಮಾಣಕ್ಕೆ ಗುಣಿಸಿದಾಗ ಬರೆದ ಮೊತ್ತ ಬಾರದಿದ್ದರೆ ಘಟಕ ದರವೇ ಊರ್ಜಿತ; ಅಂಕಿಗೂ ಅಕ್ಷರಕ್ಕೂ ಹೊಂದದಿದ್ದರೆ ಅಕ್ಷರದ್ದು ಊರ್ಜಿತ. ಇದು ಬಹುಕಡೆ ಇರುವ ರೂಢಿ, ಆದರೆ ಟೆಂಡರ್ ದಾಖಲೆಯಲ್ಲಿ ಮೊದಲೇ ಬರೆದಿರಬೇಕು. ಇಎಂಡಿ ಇಲ್ಲದಿರುವುದು, ಸಹಿ ಇಲ್ಲದಿರುವುದು, ದರಕ್ಕೆ ಷರತ್ತು ಹಾಕಿರುವುದು ತಿರಸ್ಕರಿಸಲೇಬೇಕಾದ ದೋಷಗಳು. ಪುಟಸಂಖ್ಯೆ ಇಲ್ಲ, ನಕಲು ಪ್ರತಿ ಒಂದು ಕಡಿಮೆ ಎಂಬಂಥವು ಸರಿಪಡಿಸಿಕೊಳ್ಳಬಹುದಾದವು. ಈ ವಿಂಗಡಣೆ ಎಲ್ಲರಿಗೂ ಒಂದೇ ಆಗಿರಬೇಕು.

ಆಮೇಲೆ ನೋಡಬೇಕಾದದ್ದು ಓರೆಕೋರೆ ದರ. ಗುತ್ತಿಗೆದಾರ ಒಟ್ಟು ಮೊತ್ತವನ್ನು ಕಡಿಮೆ ಇಟ್ಟು, ಹೆಚ್ಚಾಗಬಹುದೆಂದು ತನಗೆ ತಿಳಿದಿರುವ ಬಾಬಿಗೆ ಏರಿಸಿ, ಉಳಿದದ್ದಕ್ಕೆ ಇಳಿಸಿ ಬರೆಯುತ್ತಾನೆ. ಲೆಕ್ಕ ಹೀಗೆ: ಪಟ್ಟಿಯಲ್ಲಿ ಮಣ್ಣಿನ ಅಗೆತ 2,000 ಘನ ಮೀಟರ್, ಬಂಡೆ 100 ಘನ ಮೀಟರ್. ಒಬ್ಬನ ದರ ಮಣ್ಣಿಗೆ 300, ಬಂಡೆಗೆ 1,200, ಒಟ್ಟು 7,20,000. ಇನ್ನೊಬ್ಬನದು ಮಣ್ಣಿಗೆ 250, ಬಂಡೆಗೆ 1,900, ಒಟ್ಟು 6,90,000. ಕಾಗದದ ಮೇಲೆ ಎರಡನೆಯವನದು 30,000 ಕಡಿಮೆ. ಅಗೆದಾಗ ಬಂಡೆ 500, ಮಣ್ಣು 1,600 ಎಂದಾದರೆ ಮೊದಲನೆಯವನಿಗೆ ಕೊಡಬೇಕಾದದ್ದು 10,80,000, ಎರಡನೆಯವನಿಗೆ 13,50,000. ಒಟ್ಟು ಅಗೆತ ಅಷ್ಟೇ ಇದ್ದು ಬಂಡೆ 140 ಘನ ಮೀಟರ್ ದಾಟಿದ ಕೂಡಲೇ ಕಡಿಮೆಯವನು ಜಾಸ್ತಿಯವನಾಗುತ್ತಾನೆ. ಅಂದರೆ ಅಂದಾಜಿಗಿಂತ ಬರೀ 40 ಹೆಚ್ಚು ಸಾಕು. ಮೇಲೆ ಹೇಳಿದ ಪರೀಕ್ಷಾ ಗುಂಡಿಗಳ ಬೆಲೆ ತಿಳಿಯುವುದು ಇಲ್ಲಿ. ಪರಿಶೀಲಿಸುವವರು ಪ್ರತಿ ಬಾಬಿನ ದರವನ್ನೂ ಇಲಾಖೆಯ ಅಂದಾಜು ದರದ ಪಕ್ಕದಲ್ಲಿಟ್ಟು, ತೀರಾ ಏರುಪೇರು ಕಂಡಲ್ಲಿ ಪರಿಮಾಣವನ್ನು ಏರಿಸಿ, ಇಳಿಸಿ ಮರುಲೆಕ್ಕ ಹಾಕಬೇಕು. ಮೊದಲ ತಿಂಗಳಲ್ಲೇ ಬಿಲ್ಲಾಗುವ ಬಾಬುಗಳಿಗೆ ದರ ಉಬ್ಬಿಸುವುದೂ ಇದೇ ಜಾತಿಯದು. ಹಣ ಮೊದಲೇ ಕೈಸೇರಿದ ಮೇಲೆ ಉಳಿದ ಕೆಲಸ ಮುಗಿಸುವ ಆಸಕ್ತಿ ಇಳಿಯುತ್ತದೆ.

ಅಂದಾಜಿಗಿಂತ ವಿಪರೀತ ಕಡಿಮೆ ದರ ಬಂದರೆ ಖುಷಿಪಡುವ ಮೊದಲು ದರ ವಿಶ್ಲೇಷಣೆ ಕೇಳಿ: ಸಾಮಗ್ರಿ, ಕೂಲಿ, ಯಂತ್ರ, ಲಾಭ ಬೇರೆ ಬೇರೆಯಾಗಿ. ಕೇಳದೆ ತಿರಸ್ಕರಿಸುವುದೂ ತಪ್ಪು. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗದ 2011ರ ಸಾರ್ವಜನಿಕ ಖರೀದಿ ಮಾದರಿ ಕಾನೂನು ಕೂಡ, ಅಸಹಜ ಕಡಿಮೆ ದರವನ್ನು ತಳ್ಳಿಹಾಕುವ ಮುನ್ನ ಬರಹದಲ್ಲಿ ವಿವರಣೆ ಕೇಳಲೇಬೇಕು ಎನ್ನುತ್ತದೆ.

ಠರಾವಿನ ಮುಂದೆ ಬರಬೇಕಾದ ಟಿಪ್ಪಣಿ ಎರಡು ಪುಟ ಸಾಕು. ಅಂದಾಜು ಎಷ್ಟು, ಯಾರ್‍ಯಾರ ದರ ಎಷ್ಟು, ಏನು ತಿದ್ದಲಾಯಿತು, ಯಾರನ್ನು ಯಾಕೆ ಕೈಬಿಡಲಾಯಿತು, ಶಿಫಾರಸು ಯಾರಿಗೆ, ಹಣ ಎಲ್ಲಿಂದ. ಹಿತಾಸಕ್ತಿ ಇರುವ ಸದಸ್ಯರು ಅದನ್ನು ಹೇಳಿ, ಚರ್ಚೆಗೆ ಮೊದಲೇ ಹೊರನಡೆಯಬೇಕು. ಮತ ಹಾಕದೆ ಕೂತಿದ್ದರೆ ಸಾಲದು. ಹೆಚ್ಚುವರಿ ಕೆಲಸಕ್ಕೆ ಎಷ್ಟರವರೆಗೆ ಎಂಜಿನಿಯರು ಒಪ್ಪಬಹುದು, ಎಷ್ಟು ದಾಟಿದರೆ ಸಭೆಗೆ ಬರಬೇಕು ಎಂಬುದು ಅದೇ ಠರಾವಿನಲ್ಲಿರಲಿ. ಭದ್ರತಾ ಠೇವಣಿ ಮತ್ತು ಗುತ್ತಿಗೆದಾರನ ವಿಮೆಯ ಪ್ರಮಾಣಪತ್ರ ಕೈಗೆ ಬರುವವರೆಗೆ ಕಾರ್ಯಾದೇಶ ಬೇಡ. ಪ್ರಮಾಣಪತ್ರದ ಅವಧಿ ಕಾಮಗಾರಿಯ ಅವಧಿಯನ್ನು ಪೂರ್ತಿ ಮುಚ್ಚುತ್ತದೆಯೇ ನೋಡಿ. ಉಳಿದವರ ಇಎಂಡಿಯನ್ನು ತಡಮಾಡದೆ ಹಿಂದಿರುಗಿಸಿ, ಇಲ್ಲದಿದ್ದರೆ ಮುಂದಿನ ಟೆಂಡರಿಗೆ ಅವರು ಬರುವುದಿಲ್ಲ.

ನೌಕರರ ವಿಮೆ

ಹಳೆಯ ಪಾಲಿಸಿ ಮುಗಿಯುವ ಐದಾರು ತಿಂಗಳ ಮೊದಲೇ ಶುರುಮಾಡಿ. ತಡವಾದಷ್ಟೂ ಹಳೆಯ ಕಂಪನಿಯೊಂದೇ ಉಳಿಯುತ್ತದೆ, ಅದು ಹೇಳಿದ ದರಕ್ಕೆ ತಲೆಯಾಡಿಸಬೇಕಾಗುತ್ತದೆ.

ದರ ಸರಿಯಾಗಿ ಬರಬೇಕಾದರೆ ಮಾಹಿತಿ ಸರಿಯಾಗಿರಬೇಕು. ನೌಕರರ ಪಟ್ಟಿಯಲ್ಲಿ ವಯಸ್ಸು, ಲಿಂಗ, ಅವಲಂಬಿತರ ಸಂಖ್ಯೆ, ವಾಸದ ಅಂಚೆ ವಲಯ ಇರಲಿ. ಅದರ ಜೊತೆಗೆ ಕನಿಷ್ಠ 3 ವರ್ಷದ ತಿಂಗಳವಾರು ಪ್ರೀಮಿಯಂ, ಕ್ಲೇಮು, ಆಯಾ ತಿಂಗಳ ಸದಸ್ಯರ ಸಂಖ್ಯೆ, ದೊಡ್ಡ ಕ್ಲೇಮುಗಳ ಪ್ರತ್ಯೇಕ ಪಟ್ಟಿ, ಇನ್ನೂ ಇತ್ಯರ್ಥವಾಗದವು, ಈಗಿನ ಪಾಲಿಸಿಯ ಪೂರ್ಣ ಪ್ರತಿ. ಹೆಸರು, ನೌಕರ ಸಂಖ್ಯೆ ಬೇಡ. ಸಣ್ಣ ಕಚೇರಿಯಲ್ಲಿ ವಯಸ್ಸು, ಹುದ್ದೆ, ಕಾಯಿಲೆ ಮೂರೂ ಒಂದೇ ಸಾಲಿನಲ್ಲಿದ್ದರೆ ಹೆಸರಿಲ್ಲದೆಯೂ ಅದು ಯಾರೆಂದು ಗೊತ್ತಾಗುತ್ತದೆ. ಕ್ಲೇಮಿನ ಪಟ್ಟಿಯಿಂದ ಹುದ್ದೆಯನ್ನು ತೆಗೆದುಬಿಡಿ. ಹಳೆಯ ಕಂಪನಿಯ ಬಳಿ ಈ ಮಾಹಿತಿಯೆಲ್ಲ ಇದ್ದೇ ಇರುತ್ತದೆ. ಹೊಸಬರಿಗೆ ಅರೆಬರೆ ಕೊಟ್ಟರೆ ಅವರು ಗೊತ್ತಿಲ್ಲದ ಅಪಾಯಕ್ಕೆಂದು ದರ ಏರಿಸಿ ಹಾಕುತ್ತಾರೆ, ಸ್ಪರ್ಧೆ ಹೆಸರಿಗಷ್ಟೇ ಉಳಿಯುತ್ತದೆ.

ಬ್ರೋಕರ್ ಮೂಲಕ ಹೋಗುವುದಾದರೆ ಅವರ ಕಮಿಷನ್ ಎಷ್ಟು, ಯಾರು ಕೊಡುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ನಗರಸಭೆಯ ಪರವಾಗಿ ದರ ಕೇಳಲು ನಾಲ್ಕು ಬ್ರೋಕರುಗಳಿಗೆ ಏಕಕಾಲಕ್ಕೆ ಪತ್ರ ಕೊಟ್ಟರೆ ಸ್ಪರ್ಧೆ ಹೆಚ್ಚುತ್ತದೆ ಎಂದುಕೊಳ್ಳಬೇಡಿ. ಒಂದೇ ವಿಮಾ ಕಂಪನಿಗೆ ನಾಲ್ಕು ಕಡೆಯಿಂದ ಅದೇ ವಿಚಾರಣೆ ಹೋಗಿ, ಯಾರಿಗೆ ದರ ಕೊಡುವುದೆಂದು ತಿಳಿಯದೆ ಕಂಪನಿ ಹಿಂದೆ ಸರಿಯುತ್ತದೆ.

ಟೆಂಡರಿನಲ್ಲಿ ಒಂದು ಮೂಲ ಯೋಜನೆ ಬರೆದಿಡಿ: ವಿಮಾ ಮೊತ್ತ, ಸಹ-ಪಾವತಿ (ಬಿಲ್ಲಿನಲ್ಲಿ ನೌಕರನೇ ಕೊಡಬೇಕಾದ ಪಾಲು), ಕೊಠಡಿ ಬಾಡಿಗೆಯ ಮಿತಿ, ಹೆರಿಗೆ, ಮೊದಲೇ ಇದ್ದ ಕಾಯಿಲೆ, ಕಾಯುವ ಅವಧಿ (ಪಾಲಿಸಿ ಶುರುವಾದರೂ ಕ್ಲೇಮು ಸಿಗದ ಮೊದಲ ದಿನಗಳು). ಪ್ರತಿಯೊಬ್ಬರೂ ಮೊದಲು ಇದಕ್ಕೇ ದರ ಕೊಡಬೇಕು, ಬದಲಿ ಯೋಜನೆಗಳೇನಿದ್ದರೂ ಪ್ರತ್ಯೇಕ ಹಾಳೆಯಲ್ಲಿ. ಜೊತೆಗೊಂದು ವ್ಯತ್ಯಾಸ ಪಟ್ಟಿ ಲಗತ್ತಿಸಿ, ಮೂಲ ಯೋಜನೆಯಿಂದ ಎಲ್ಲೆಲ್ಲಿ ಸರಿದಿದ್ದೀರಿ ಎಂದು ಕೇಳಿ. ಖಾಲಿ ಬಿಟ್ಟರೆ ಪೂರ್ತಿ ಒಪ್ಪಿದಂತೆ ಎಂಬ ವಾಕ್ಯ ಅಲ್ಲೇ ಇರಲಿ. ಬಂದ ಯೋಜನೆಗಳನ್ನು ಹೋಲಿಸಲು ಅಂಕ ಕೊಡುವ ಕ್ರಮವೂ ಲಕೋಟೆ ತೆರೆಯುವ ಮುನ್ನವೇ ಪ್ರಕಟವಾಗಿರಬೇಕು.

ಆಸ್ಪತ್ರೆಗಳ ಜಾಲವನ್ನು ಸಂಖ್ಯೆಯಿಂದ ಅಳೆಯಬೇಡಿ. ಸಾವಿರಾರು ಆಸ್ಪತ್ರೆಗಳ ಪಟ್ಟಿಯಲ್ಲಿ ನಿಮ್ಮ ನೌಕರರು ಹೋಗುವ ಮೂರು ಇಲ್ಲದಿದ್ದರೆ ಪ್ರಯೋಜನವಿಲ್ಲ. ಹಿಂದಿನ 2 ವರ್ಷದ ಕ್ಲೇಮುಗಳು ಯಾವ ಆಸ್ಪತ್ರೆಗಳಿಂದ ಬಂದವೋ ಆ ಪಟ್ಟಿ ಕೊಟ್ಟು, ಪ್ರತಿಯೊಂದರ ಮುಂದೆ ‘ನಗದುರಹಿತ ಚಿಕಿತ್ಸೆ ಇದೆ’ ಅಥವಾ ‘ಇಲ್ಲ’ ಎಂದು ಬರೆಸಿ. ಹಳೆಯ ಕ್ಲೇಮುಗಳಲ್ಲಿ ಶೇ ಎಷ್ಟು ಹೊಸ ಜಾಲದೊಳಗೆ ಬರುತ್ತಿದ್ದವು ಎಂಬುದೇ ಅಂಕ.

ಮೊದಲ ವರ್ಷದ ಅಗ್ಗದ ದರಕ್ಕೆ ಮರುಳಾಗುವುದು ಇನ್ನೊಂದು ಎಡವಟ್ಟು. ಒಂದು ಕಂಪನಿ ತಲೆಗೆ 90 ಎನ್ನುತ್ತದೆ, ನವೀಕರಣಕ್ಕೆ ಮಿತಿಯಿಲ್ಲ. ಇನ್ನೊಂದು 100 ಎನ್ನುತ್ತದೆ, ಏರಿಕೆ ವರ್ಷಕ್ಕೆ ಶೇ 8 ಮೀರುವುದಿಲ್ಲವೆಂದು ಬರೆದುಕೊಡುತ್ತದೆ. ಮೊದಲನೆಯದು ಎರಡನೇ ವರ್ಷ ಶೇ 25, ಮೂರನೇ ವರ್ಷ ಶೇ 15 ಏರಿಸಿದರೆ ಮೂರು ವರ್ಷಕ್ಕೆ ಸುಮಾರು 332 ಆಗುತ್ತದೆ. ಎರಡನೆಯದು ಮಿತಿಯ ತುದಿಗೇ ಏರಿದರೂ ಸುಮಾರು 325. ಮಿತಿಗೆ ಅಡಿಟಿಪ್ಪಣಿಯಲ್ಲಿ ಷರತ್ತು ಅಂಟಿಸಿದ್ದಾರೆಯೇ ಎಂದೂ ಓದಿ. ಕ್ಲೇಮು ಪ್ರಮಾಣ (ಪ್ರೀಮಿಯಂಗೆ ಹೋಲಿಸಿದರೆ ಕ್ಲೇಮು ಎಷ್ಟು ಎಂಬುದು) ಇಷ್ಟು ದಾಟಿದರೆ ಮಿತಿ ಅನ್ವಯಿಸದು ಎಂದು ಬರೆದಿದ್ದರೆ ಬೇಕಾದ ವರ್ಷದಲ್ಲೇ ಅದು ಕೈಕೊಡುತ್ತದೆ.

ಕಂಪನಿ ಬದಲಾಯಿಸುವಾಗ ತಪ್ಪದೆ ಹುಡುಕಬೇಕಾದ ಒಂದು ಷರತ್ತಿದೆ: ಪಾಲಿಸಿ ಆರಂಭವಾಗುವ ದಿನ ನೌಕರ ಕರ್ತವ್ಯದಲ್ಲಿರಬೇಕು ಎಂಬುದು. ಅಂದು ಶಸ್ತ್ರಚಿಕಿತ್ಸೆಗೋ ಕ್ಯಾನ್ಸರ್ ಚಿಕಿತ್ಸೆಗೋ ರಜೆಯಲ್ಲಿರುವವರು ಹೊಸ ಪಾಲಿಸಿಗೆ ಸೇರುವುದಿಲ್ಲ, ಹಳೆಯದು ಮುಗಿದಿರುತ್ತದೆ. ವಿಮೆ ಅತಿ ಹೆಚ್ಚು ಬೇಕಿರುವವರೇ ಬಯಲಿಗೆ ಬೀಳುತ್ತಾರೆ. ‘ಹಳೆಯ ಪಾಲಿಸಿಯಲ್ಲಿದ್ದ ಎಲ್ಲರೂ ರಜೆಯಲ್ಲಿದ್ದರೂ ಯಾವ ಹೊಸ ಕಾಯುವ ಅವಧಿಯೂ ಇಲ್ಲದೆ ಮುಂದುವರಿಯುತ್ತಾರೆ’ ಎಂದು ಟೆಂಡರಿನಲ್ಲೇ ಬರೆದು, ಒಪ್ಪದವರನ್ನು ಅನರ್ಹಗೊಳಿಸಿ.

ಕೆಲಸದ ವೇಳೆಯ ಅಪಘಾತದ ವಿಮೆ ಬೇರೆಯದು. ಅದರ ದರ ಹುದ್ದೆಯ ವರ್ಗ ಮತ್ತು ಸಂಬಳದ ಮೊತ್ತದ ಮೇಲೆ ನಿಲ್ಲುತ್ತದೆ. ಒಳಚರಂಡಿ ಕೆಲಸಗಾರರನ್ನೂ ಕಸದ ವಾಹನದವರನ್ನೂ ಗುಮಾಸ್ತರ ವರ್ಗದಲ್ಲಿ ತೋರಿಸಿದರೆ ಪ್ರೀಮಿಯಂ ಇಳಿಯುತ್ತದೆ ನಿಜ. ಆದರೆ ವರ್ಷದ ಕೊನೆಯ ತಪಾಸಣೆಯಲ್ಲಿ ಬಾಕಿ ಬಿಲ್ಲು ಬರುತ್ತದೆ ಅಥವಾ ಅಪಘಾತವಾದಾಗ ಕ್ಲೇಮಿಗೆ ತಕರಾರು ಬರುತ್ತದೆ.

ಠರಾವು ಆದ ಮೇಲೆ, ಹಳೆಯ ಪಾಲಿಸಿ ಮುಗಿಯುವ ಗಂಟೆಯಿಂದಲೇ ಹೊಸದು ಜಾರಿಗೆ ಬರುತ್ತದೆ ಎಂಬ ಲಿಖಿತ ದೃಢೀಕರಣ ಪಡೆದು ಕಡತಕ್ಕೆ ಸೇರಿಸಿ. ಪಾಲಿಸಿ ಪುಸ್ತಕ ಬಂದ ದಿನ ಅದನ್ನು ಕಪಾಟಿನಲ್ಲಿಡದೆ ಮೂಲ ಯೋಜನೆಯ ಒಂದೊಂದು ಸಾಲನ್ನೂ ಅದರ ಜೊತೆ ತಾಳೆ ನೋಡಿ. ಕಂಪನಿ ತನ್ನ ಅಚ್ಚಿನ ನಮೂನೆಯನ್ನೇ ಕಳಿಸಿಬಿಡುವುದುಂಟು. ತಪ್ಪು ಕಂಡರೆ ಮೊದಲ ಕ್ಲೇಮು ಬರುವ ಮುನ್ನವೇ ತಿದ್ದುಪಡಿ ಪತ್ರ ತರಿಸಿಕೊಳ್ಳಿ.